ಕಣ್ಣಲ್ಲಿ ಲೆನ್ಸ್ ಇಟ್ಟುಕೊಂಡು ನೀರಿಗೆ ಇಳಿಯಬೇಡಿ

(ಸ್ವ-ಸಹಾಯ ಸಂಘಗಳ ಮಹಾಸಭೆಯಲ್ಲಿ ಆರೋಗ್ಯ ಸಮಿತಿಯ ಪರವಾಗಿ ನೀಡಿದ ಮಾಹಿತಿ)



ಸಂಘದ ಸಭೆ ಅಂದರೆ ಉಳಿತಾಯ, ಸಾಲ, ಮರುಪಾವತಿ, ಪುಸ್ತಕ ಬರೆಯುವುದು ಇಷ್ಟೇ ಅಲ್ಲ. ಮನೆಯವರ ಆರೋಗ್ಯವೂ ನಮ್ಮ ಉಳಿತಾಯವೇ. ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. "ಕಾಂಟ್ಯಾಕ್ಟ್ ಲೆನ್ಸ್ ಪೇಟೆಯವರ ಸಂಗತಿ, ನಮಗೆ ಯಾಕೆ?" ಅಂತ ಕೇಳಬಹುದು. ಆದರೆ ನಮ್ಮ ಮಕ್ಕಳು ಈಗ ಪೇಟೆಯಲ್ಲಿ ಓದುತ್ತಾರೆ, ಕೆಲಸ ಮಾಡುತ್ತಾರೆ. ಹೆಣ್ಣು ನೋಡಲು ಬರುವಾಗ "ಕನ್ನಡಕ ಬೇಡ ಮಗಳೇ, ಲೆನ್ಸ್ ಹಾಕಿಕೋ" ಎಂದು ಹೇಳುವವರು ನಾವೇ ಅಲ್ವಾ?

ನಮ್ಮದೇ ಒಂದು ಸಂಘದ ಸದಸ್ಯೆಯ ಮಗಳಿಗೆ ಆದದ್ದನ್ನು ಹೇಳುತ್ತೇವೆ. ತಾಯಿಯ ಒಪ್ಪಿಗೆ ಪಡೆದಿದ್ದೇವೆ, ಹೆಸರು ಮಾತ್ರ ಹೇಳುವುದಿಲ್ಲ. ಹುಡುಗಿ ಪೇಟೆಯ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಮೇ ತಿಂಗಳ ರಜೆಯಲ್ಲಿ ಅಜ್ಜಿಮನೆಗೆ ಹೋದವಳು ಮಾವನ ಮಕ್ಕಳ ಜೊತೆ ಮೂರು ದಿನ ಹೊಳೆಯಲ್ಲಿ ಈಜಿದಳು. ಲೆನ್ಸ್ ತೆಗೆದರೆ ದಡವೇ ಕಾಣುವುದಿಲ್ಲವೆಂದು ಹಾಕಿಕೊಂಡೇ ಇಳಿದಳು. ಕೆಲವು ದಿನಗಳಲ್ಲಿ ಬಲಗಣ್ಣು ಕೆಂಪಾಯಿತು, ನೀರು ಸುರಿಯತೊಡಗಿತು. "ಕಣ್ಣು ಬಂದಿರಬೇಕು, ನಂದಿಬಟ್ಟಲು ಹೂವಿನ ರಸ ಬಿಡಿ" ಎಂದೆವು. ಹೌದು, ಸಂಘದಲ್ಲಿ ಕೂತ ನಾವೇ ಹಾಗೆ ಹೇಳಿದ್ದು. ಅದರಿಂದ ಗುಣವಾಗದೆ ಮೆಡಿಕಲ್ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದರು. ಎರಡು ದಿನ ಕೆಂಪು ಇಳಿದಂತೆ ಕಂಡಿತು. ಆಮೇಲೆ ಬೆಳಕು ಕಂಡರೆ ಕಿರುಚುವಷ್ಟು ನೋವು.

ದೊಡ್ಡ ಕಣ್ಣಿನ ಆಸ್ಪತ್ರೆಗೆ ಹೋಗುವಾಗ ಮೂರು ವಾರ ಕಳೆದಿತ್ತು. ಅಲ್ಲಿ ಕಣ್ಣಿನ ಮೇಲ್ಪದರವನ್ನು ಸ್ವಲ್ಪ ಕೆರೆದು ಪರೀಕ್ಷೆ ಮಾಡಿ, ಅಕಾಂತಮೀಬಾ ಎಂಬ ಜೀವಿಯಿಂದ ಕಣ್ಣಿನಲ್ಲಿ ಹುಣ್ಣಾಗಿದೆ ಎಂದರು. ಮೊದಲ ದಿನಗಳಲ್ಲಿ ಹಗಲೂ ರಾತ್ರಿಯೂ ಗಂಟೆಗೊಮ್ಮೆ ಮದ್ದು ಬಿಡಬೇಕಿತ್ತು. ಆ ತಾಯಿ ಹಸು ತರಲೆಂದು ಕೇಳಿದ್ದ ಸಾಲ ಆಗಷ್ಟೇ ಮಂಜೂರಾಗಿತ್ತು. ತುರ್ತು ಸಭೆ ಕರೆದು ಅದನ್ನು ಚಿಕಿತ್ಸೆಯ ಸಾಲವೆಂದು ಬದಲಾಯಿಸಿದೆವು. ಇಬ್ಬರು ಸದಸ್ಯೆಯರು ಸರದಿಯಲ್ಲಿ ರಾತ್ರಿ ಅಲಾರಂ ಇಟ್ಟು ಕೂತರು. ಮದ್ದು ಎಂಟು ತಿಂಗಳು ನಡೆಯಿತು. ಕಣ್ಣು ಉಳಿಯಿತು, ಆದರೆ ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗಿದೆ. ಹಸು ಇನ್ನೂ ಬಂದಿಲ್ಲ.

ಹೀಗೆ ಯಾಕಾಗುತ್ತದೆ? ಕಪ್ಪುಗುಡ್ಡೆಯ ಮುಂದೆ ಗಾಜಿನಂಥ ತೆಳು ಪದರ ಉಂಟು. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ಲೆನ್ಸ್ ಕೂರುವುದು ಅದರ ಮೇಲೆ. ಅಕಾಂತಮೀಬಾ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಹೊಳೆ, ಕೆರೆ, ಬಾವಿ, ಸಮುದ್ರ, ನಲ್ಲಿನೀರು, ಮಣ್ಣು ಎಲ್ಲ ಕಡೆಯೂ ಇರುತ್ತದೆ. ಬರೀ ಕಣ್ಣಿಗೆ ನೀರು ಬಿದ್ದರೆ ಸಾಮಾನ್ಯವಾಗಿ ರೆಪ್ಪೆ ಬಡಿದು ಕಣ್ಣೀರಿನಲ್ಲಿ ತೊಳೆದುಹೋಗುತ್ತದೆ. ಲೆನ್ಸ್ ಇದ್ದರೆ ಅದಕ್ಕೆ ಅಂಟಿಕೊಂಡು, ಗಂಟೆಗಟ್ಟಲೆ ಕಾರ್ನಿಯಾಕ್ಕೆ ತಾಗಿಯೇ ಇರುತ್ತದೆ. ಮೆತ್ತನೆಯ ಲೆನ್ಸ್ ನೀರನ್ನೂ ಹೀರಿಕೊಳ್ಳುತ್ತದೆ. ಲೆನ್ಸ್ ಉಜ್ಜಿ ಸಣ್ಣ ಗಾಯವಾಗಿದ್ದರೆ ರೋಗಕ್ಕೆ ಬಾಗಿಲು ತೆರೆದಂತೆ.

"ಈಜುಕೊಳದ ನೀರಿಗೆ ಕ್ಲೋರಿನ್ ಹಾಕುತ್ತಾರಲ್ಲ?" ಎಂದು ಕೇಳುತ್ತೀರಿ. ಈ ಜೀವಿ ಕಷ್ಟ ಬಂದಾಗ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೆ ಕೂರುತ್ತದೆ. ಕೊಳಕ್ಕೆ ಹಾಕುವಷ್ಟು ಕ್ಲೋರಿನ್‌ಗೆ ಆ ಚಿಪ್ಪು ಬಗ್ಗುವುದಿಲ್ಲ. ಸಮುದ್ರದ ಉಪ್ಪು ನೀರನ್ನೂ ನಂಬುವಂತಿಲ್ಲ. ಆದ್ದರಿಂದ ಕೊಳ, ಹೊಳೆ, ಸಮುದ್ರ ಎಲ್ಲದಕ್ಕೂ ಒಂದೇ ಮಾತು: ಲೆನ್ಸ್ ತೆಗೆದಿಟ್ಟು ನೀರಿಗಿಳಿಯಬೇಕು. ಸ್ನಾನ ಮಾಡುವಾಗಲೂ ಅಷ್ಟೇ.

ಲೆನ್ಸ್ ಹಾಕುವ ಮಕ್ಕಳಿಗೆ ಈ ಮಾತುಗಳನ್ನು ಹೇಳಿ:

1. ಈಜಲೇಬೇಕೆಂದರೆ ಪವರ್ ಇರುವ ಈಜುಕನ್ನಡಕ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

2. ಮರೆತು ಲೆನ್ಸ್ ಸಮೇತ ನೀರಿಗಿಳಿದರೆ ಗಾಬರಿಯಿಂದ ಎಳೆಯಬೇಡಿ. ಸಿಹಿನೀರಿನಲ್ಲಿ ಲೆನ್ಸ್ ಬಿಗಿದು ಕಣ್ಣಿಗೆ ಅಂಟುತ್ತದೆ. ಡಾಕ್ಟರು ಹೇಳಿದ ಕಣ್ಣು ಒದ್ದೆ ಮಾಡುವ ಹನಿ ಬಿಟ್ಟು, ಅದು ಸಡಿಲವಾದ ಮೇಲೆ ತೆಗೆಯಿರಿ. ಒಂದು ದಿನದ ಲೆನ್ಸ್ ಆದರೆ ಎಸೆಯಿರಿ. ಬೇರೆಯದಾದರೆ ಪೂರ್ತಿ ಶುದ್ಧ ಮಾಡದೆ ಮತ್ತೆ ಹಾಕಬೇಡಿ.

3. ಲೆನ್ಸನ್ನೂ ಅದರ ಡಬ್ಬಿಯನ್ನೂ ನಲ್ಲಿನೀರಿನಲ್ಲಾಗಲಿ, ಬಾವಿನೀರಿನಲ್ಲಾಗಲಿ ತೊಳೆಯಬೇಡಿ. ಎಂಜಲು ಹಚ್ಚುವುದಂತೂ ಬೇಡವೇ ಬೇಡ. ಅದಕ್ಕೆಂದೇ ಇರುವ ದ್ರಾವಣ ಬಳಸಿ. ಹಳೆಯ ದ್ರಾವಣ ಚೆಲ್ಲಿ ಹೊಸದು ಹಾಕಿ, ಹಳೆಯದಕ್ಕೇ ಸೇರಿಸಬೇಡಿ. ಡಬ್ಬಿಯನ್ನು 3 ತಿಂಗಳಿಗೊಮ್ಮೆ ಬದಲಿಸಿ.

4. ಲೆನ್ಸ್ ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಲೆನ್ಸ್ ಹಾಕಿಕೊಂಡು ಮಲಗಬೇಡಿ.

5. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ಮಂಜಾದರೆ ತಕ್ಷಣ ಲೆನ್ಸ್ ತೆಗೆಯಿರಿ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. "ಲೆನ್ಸ್ ಹಾಕ್ತೇನೆ, ನೀರಿಗೆ ಇಳಿದಿದ್ದೆ" ಎಂದು ನಾವಾಗಿಯೇ ಹೇಳಬೇಕು. ಮೊದಮೊದಲು ಈ ರೋಗ ಬೇರೆ ಕಣ್ಣುರೋಗದಂತೆಯೇ ಕಾಣುತ್ತದೆ. ನಾವು ಹೇಳದಿದ್ದರೆ ಪತ್ತೆ ತಡವಾಗುತ್ತದೆ.

6. ಚೀಟಿ ಇಲ್ಲದೆ ಅಂಗಡಿಯ ಡ್ರಾಪ್ಸ್ ಹಾಕಬೇಡಿ. ಕೆಲವು ಹನಿಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಅದು ಕೆಂಪನ್ನು ಇಳಿಸಿ, ಒಳಗಿನ ರೋಗವನ್ನು ಬೆಳೆಸಬಹುದು.

ಲೆನ್ಸ್ ಹಾಕದ ನಮಗೂ ಇದರಲ್ಲಿ ಪಾಠ ಉಂಟು. ವಿದೇಶಗಳಲ್ಲಿ ಈ ರೋಗ ಹೆಚ್ಚಾಗಿ ಲೆನ್ಸ್ ಹಾಕುವವರಿಗೆ ಬಂದರೆ, ನಮ್ಮ ದೇಶದಲ್ಲಿ ಲೆನ್ಸ್ ಹಾಕದವರಿಗೇ ಹೆಚ್ಚು ಬರುತ್ತದೆ. ಕಣ್ಣಿಗೆ ಮಣ್ಣು ಸಿಡಿಯುವುದು, ಕೊಳಕು ನೀರು ಬೀಳುವುದು ಅದಕ್ಕೆ ಕಾರಣ. ಭತ್ತದ ಗರಿ, ಹುಲ್ಲು, ಕಡ್ಡಿ ತಾಗಿದರೆ ಶಿಲೀಂಧ್ರದ ಹುಣ್ಣೂ ಆಗುತ್ತದೆ. ಬತ್ತ ಬಡಿಯುವಾಗ, ಸೊಪ್ಪು ಕಡಿಯುವಾಗ ಕಣ್ಣಿಗೆ ಏನಾದರೂ ತಾಗಿದರೆ ಉಜ್ಜಬೇಡಿ. ಎದೆಹಾಲು, ಹೂವಿನ ರಸ, ಎಣ್ಣೆ ಬಿಡಬೇಡಿ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಡಾಕ್ಟರಿಗೆ ತೋರಿಸಿ.

ಆ ತಾಯಿ ನಮಗೆ ಹೇಳಿದ ಮಾತು ಇದು: "ರೋಗ ಬಂದದ್ದು ನೀರಿನಿಂದ. ಕಣ್ಣು ಹಾಳಾದದ್ದು ನಾವು ತಡ ಮಾಡಿದ್ದರಿಂದ." ಸಲಹೆ ಕೊಟ್ಟ ನಮಗೂ ಆ ಮಾತು ತಾಗಿದೆ. ಇನ್ನು ಮುಂದೆ ಯಾರಾದರೂ ಕಣ್ಣು ನೋವೆಂದು ಸಭೆಗೆ ಬಂದರೆ ನಾವು ಮದ್ದು ಹೇಳುವುದು ಬೇಡ, ಜೊತೆಗೆ ಆಸ್ಪತ್ರೆಗೆ ಹೊರಡೋಣ. ಸಂಘದ ತುರ್ತು ನಿಧಿಯಲ್ಲಿ ಇದಕ್ಕೆಂದು ಸ್ವಲ್ಪ ಹಣ ತೆಗೆದಿಡಲು ಈ ತಿಂಗಳ ಸಭೆಯಲ್ಲೇ ನಿರ್ಣಯ ಬರೆಯೋಣ. ಇವತ್ತು ಮನೆಗೆ ಹೋಗಿ, ಲೆನ್ಸ್ ಹಾಕುವ ಮಗಳಿಗೋ ಸೊಸೆಗೋ ಈ ಕರಪತ್ರ ಓದಿ ಹೇಳಿ.