ಮಗುವಿನ ಮಾತೂ ಶಾಲೆಯ ವ್ಯಾಕರಣವೂ

(ಅರಸೀಕೆರೆಯಲ್ಲಿ ಸೇರಿದ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರ ಮುಂದೆ ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯ ಮಕ್ಕಳಿಗೆ ವ್ಯಾಕರಣವನ್ನೂ ಶಬ್ದಸಂಪತ್ತನ್ನೂ ಕಲಿಸುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿರುವಿರಿ. ನಾಡಿನ ಮುಂದೆ ಅಷ್ಟೊಂದು ದೊಡ್ಡ ಪ್ರಶ್ನೆಗಳಿರುವಾಗ ಷಷ್ಠೀ ಸಪ್ತಮಿಗಳ ಮಾತೇಕೆಂದು ಕೆಲವರು ಕೇಳಬಹುದು. ಆದರೆ ತನ್ನ ನುಡಿಯಲ್ಲಿ ತನ್ನ ಅಹವಾಲನ್ನು ನೆಟ್ಟಗೆ ಬರೆದುಕೊಳ್ಳಲಾರದ ಪ್ರಜೆಗೆ ಯಾವ ದೊಡ್ಡ ಪ್ರಶ್ನೆಯ ಇತ್ಯರ್ಥವೂ ಕೈಗೆಟುಕುವದಿಲ್ಲ. ಆ ಶಕ್ತಿಯು ಬರುವದೂ ಕೆಡುವದೂ ಒಂದರಿಂದ ಐದನೆಯ ತರಗತಿಯೊಳಗೆಯೇ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಶಾಲೆಗಳಲ್ಲಿ ಪದೇ ಪದೇ ಕಾಣುವ ನೋಟವೊಂದುಂಟು. ಐದನೆಯ ತರಗತಿಯ ಹುಡುಗನು ಏಳು ವಿಭಕ್ತಿಗಳನ್ನು ಪ್ರತ್ಯಯಸಹಿತವಾಗಿ ಒಂದೇ ಉಸಿರಿನಲ್ಲಿ ಒಪ್ಪಿಸುವನು. ಆದರೆ ನಿನ್ನೆ ಸಂತೆಯಲ್ಲಿ ಕಂಡುದನ್ನು ಐದು ವಾಕ್ಯಗಳಲ್ಲಿ ಬರೆಯೆಂದರೆ ಸೀಸದ ಕಡ್ಡಿಯನ್ನು ಕಚ್ಚುತ್ತ ಕೂಡುವನು. ಅದೇ ಹುಡುಗನು ಶಾಲೆ ಬಿಟ್ಟ ಮೇಲೆ ತನ್ನ ಗೆಳೆಯರಿಗೆ ಆ ಸಂತೆಯ ವರ್ಣನೆಯನ್ನು ಒಂದು ವಿಭಕ್ತಿಯೂ ತಪ್ಪದಂತೆ ಮಾಡುವನು! ಹಾಗಾದರೆ ವ್ಯಾಕರಣವು ಅವನಿಗೆ ಬಾರದೆಂದು ಹೇಳುವದು ಹೇಗೆ? ಅವನಿಗೆ ಬಾರದುದು ವ್ಯಾಕರಣದ ಹೆಸರುಗಳು ಮಾತ್ರ. ವ್ಯಾಕರಣವು ಅವನ ನಾಲಗೆಯ ಮೇಲೆ ಆಗಲೇ ನೆಲೆಸಿದೆ. ಅದನ್ನು ಅವನಿಗೇ ತೋರಿಸಿಕೊಡುವದು ಉಪಾಧ್ಯಾಯನ ಕೆಲಸ. ಈ ಹೊತ್ತು ನಾನು ಹೇಳಬೇಕೆಂದಿರುವದು ಇದಿಷ್ಟೇ; ಉಳಿದುದೆಲ್ಲ ಇದರ ವಿಸ್ತಾರ.

ಈ ಮಾತು ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಸೂತ್ರಗಳನ್ನು ಹೇಳಿದನು. ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ. ಅಷ್ಟು ದೊಡ್ಡ ವೈಯಾಕರಣನೇ ಪ್ರಯೋಗದಿಂದ ಸೂತ್ರಕ್ಕೆ ನಡೆದಿರುವಾಗ, ಎಂಟು ವರುಷದ ಕೂಸನ್ನು ನಾವು ಸೂತ್ರದಿಂದ ಪ್ರಯೋಗಕ್ಕೆ ಎಳೆಯುವದು ಯಾವ ನ್ಯಾಯ?

ಹಾಗಾದರೆ ಲಕ್ಷ್ಯವನ್ನು ಎಲ್ಲಿಂದ ತರೋಣ? ದೂರ ಹೋಗಬೇಕಾಗಿಲ್ಲ. ತಮ್ಮ ಊರಿನ ಹೆಸರನ್ನೇ ಕರಿಹಲಗೆಯ ಮೇಲೆ ಬರೆಯಿರಿ. ಅರಸಿ, ಕೆರೆ ಎಂಬ ಎರಡು ಪದಗಳು ಕೂಡಿ ಅರಸೀಕೆರೆ ಆಗಿದೆ. ಅರಸ ಎಂಬುದಕ್ಕೆ ಒಂದು ಗುಡಿಸು ಹತ್ತಿದರೆ ಅರಸಿ. ಇಲ್ಲಿಗೆ ಲಿಂಗದ ಪಾಠವಾಯಿತು. ಎರಡು ನಾಮಪದಗಳು ಕೂಡಿ ಒಂದಾದವು, ಸಮಾಸದ ಪಾಠವಾಯಿತು. ಇನ್ನು ದಾವಣಗೆರೆಯನ್ನು ಪಕ್ಕದಲ್ಲಿ ಬರೆಯಿರಿ. ಅಲ್ಲಿ ಕೆರೆಯು ಗೆರೆಯಾಗಿದೆ, ಇಲ್ಲಿ ಕೆರೆಯಾಗಿಯೇ ಉಳಿದಿದೆ, ಏಕೆ? ಮಕ್ಕಳನ್ನೇ ಕೇಳಿರಿ. ಒಬ್ಬನಾದರೂ ‘ನಮ್ಮೂರ ಹೆಸರಿನಲ್ಲಿ ಸೀ ಎಂದು ಉದ್ದವಾಗಿದೆ’ ಎನ್ನುವನು. ತರೀಕೆರೆಯನ್ನು ಬರೆದರೆ ಅವನ ಊಹೆಗೆ ಬಲ ಬರುವದು. ಎರಡು ಉದಾಹರಣೆಗಳಿಂದ ಸೂತ್ರವಾಗದೆಂದು ತಾವು ಹೇಳಿ, ಇನ್ನೂ ಹತ್ತು ಕೆರೆಗಳ ಹೆಸರು ತರುವಂತೆ ಮನೆಗೆ ಕಳುಹಿಸಿರಿ. ಊಹೆಯು ನಿಂತರೂ ಬಿದ್ದರೂ ನಷ್ಟವಿಲ್ಲ. ಆ ಸಂಜೆ ಆ ಮಕ್ಕಳು ಅಜ್ಜ ಅಜ್ಜಿಯರನ್ನು ಹಿಡಿದು ಆದೇಶಸಂಧಿಯ ವಿಚಾರವನ್ನೇ ಮಾಡುತ್ತಿರುವರು, ಆ ಹೆಸರು ಅವರಿಗೆ ತಿಳಿಯದಿದ್ದರೂ ಸರಿಯೆ. ಮರುದಿನ ಮಳೆಗಾಲ, ಚಳಿಗಾಲಗಳನ್ನು ಬರೆದು ‘ಕಾಲವು ಗಾಲವಾಯಿತಲ್ಲ, ಇದಕ್ಕೇ ಆದೇಶವೆನ್ನುವರು’ ಎಂದು ಹೆಸರು ಹೇಳಿದರೆ ಅದು ಜನ್ಮಕ್ಕೆ ಮರೆಯದು.

ಸುತ್ತಲಿನ ಊರುಗಳೂ ಇದೇ ಬಗೆಯ ಗುರುಗಳು. ಹರಪನಹಳ್ಳಿಯಲ್ಲಿ ಷಷ್ಠೀ ವಿಭಕ್ತಿಯುಂಟು, ಹೂವಿನಹಡಗಲಿಯಲ್ಲಿಯೂ ಉಂಟು. ಕೊಟ್ಟೂರಿನಲ್ಲಿ ಊರು ಎಂಬುದು ತನ್ನ ಹಿಂದಿನ ಸ್ವರವನ್ನು ನುಂಗಿ ನಿಂತಿದೆ, ಅದು ಲೋಪ. ಹಗರಿಬೊಮ್ಮನಹಳ್ಳಿಯಲ್ಲಿ ಹೊಳೆಯೊಂದರ ಹೆಸರಿದೆ, ಬ್ರಹ್ಮ ಎಂಬ ಸಂಸ್ಕೃತ ಶಬ್ದದ ತದ್ಭವವಾದ ಬೊಮ್ಮನಿದ್ದಾನೆ, ಷಷ್ಠಿಯಿದೆ, ಹಳ್ಳಿಯಿದೆ. ಒಂದು ಬಸ್ಸಿನ ಹಲಗೆಯ ಮೇಲೆ ಇಷ್ಟು ವ್ಯಾಕರಣವಿರುವಾಗ ರಾಮನು ರಾಮನನ್ನು ರಾಮನಿಂದ ಎಂದು ತಲೆ ಅಲ್ಲಾಡಿಸುತ್ತ ಕೂಡುವ ಅವಶ್ಯಕತೆಯೇನು?

ಇನ್ನು ವಿಭಕ್ತಿಯ ಮಾತು. ಎಲ್ಲಿಗೆ ಹೊರಟೆ ಎಂದು ಮಗುವನ್ನು ಕೇಳಿರಿ. ಮನೆಗೆ, ಊರಿಗೆ, ಹೊಲಕ್ಕೆ ಎನ್ನುವದು. ಒಂದೇ ಚತುರ್ಥಿಗೆ ಮೂರು ರೂಪಗಳು. ಯಾವುದು ಎಲ್ಲಿ ಎಂಬುದರಲ್ಲಿ ಮಗುವು ಒಮ್ಮೆಯೂ ಎಡವುವದಿಲ್ಲ. ಹೊಲ, ಹುಡುಗ ಎರಡೂ ಅಕಾರಾಂತಗಳೇ. ಆದರೂ ‘ಹೊಲಕ್ಕೆ’ ಎಂದ ಮಗುವು ‘ಹುಡುಗಕ್ಕೆ’ ಎನ್ನುವದಿಲ್ಲ. ಜೀವವಿಲ್ಲದ ವಸ್ತುವಿಗೂ ಮನುಷ್ಯನಿಗೂ ಪ್ರತ್ಯಯಭೇದವುಂಟೆಂಬುದು ಅದಕ್ಕೆ ಯಾರೂ ಕಲಿಸದೆ ಬಂದ ವಿದ್ಯೆ. ಪರೀಕ್ಷಿಸಬೇಕಾದರೆ ಇಲ್ಲದ ಪದವೊಂದನ್ನು ಕಟ್ಟಿರಿ. ‘ಡಿಂಬರ’ ಎಂಬುದೊಂದು ಸಾಮಾನು. ಅದರ ಸಲುವಾಗಿ ಹಣ ಕೊಟ್ಟೆ ಎನ್ನಲು ಏನೆನ್ನುವೆ? ‘ಡಿಂಬರಕ್ಕೆ’ ಎನ್ನುವದು. ಡಿಂಬರನೆಂಬವನು ಒಬ್ಬ ಮನುಷ್ಯನಾದರೆ? ‘ಡಿಂಬರನಿಗೆ’. ಕೇಳದ ಪದಕ್ಕೂ ಪ್ರತ್ಯಯ ಹತ್ತಿಸಬಲ್ಲ ಮಗುವು ಕಂಠಪಾಠದಿಂದ ಮಾತನಾಡುತ್ತಿಲ್ಲ, ನಿಯಮದಿಂದ ಮಾತನಾಡುತ್ತಿದೆ. ಅಮೆರಿಕದ ವಿದುಷಿ ಜೀನ್ ಬರ್ಕೊ ಎಂಬವರು ೧೯೫೮ರಲ್ಲಿ ಇಂಗ್ಲಿಷ್ ಮಾತನಾಡುವ ಸಣ್ಣ ಮಕ್ಕಳಿಗೆ ಇಲ್ಲದ ಪ್ರಾಣಿಯೊಂದರ ಚಿತ್ರ ತೋರಿಸಿ, ಅದಕ್ಕೆ ಇಲ್ಲದ ಹೆಸರಿಟ್ಟು, ಎರಡಿದ್ದರೆ ಏನೆನ್ನುವಿರೆಂದು ಕೇಳಿ ಇದೇ ಸಂಗತಿಯನ್ನು ಪ್ರಕಟಪಡಿಸಿದರು. ಆ ಪ್ರಯೋಗಕ್ಕೆ ಬೇಕಾದುದು ಒಂದು ಚಿತ್ರ, ಒಂದು ಪ್ರಶ್ನೆ. ಅದು ನಮ್ಮ ಯಾವ ಬಡಶಾಲೆಯಲ್ಲಿಯೂ ಆಗಬಹುದು.

ಇದಕ್ಕೆ ಪ್ರತಿಯಾಗಿ ಪಂಚಮಿಯನ್ನು ನೋಡಿರಿ. ‘ದೆಸೆಯಿಂದ’ ಎಂದು ಮಕ್ಕಳು ಒಪ್ಪಿಸುವರು. ಮರದ ದೆಸೆಯಿಂದ ಹಣ್ಣು ಬಿದ್ದಿತೆಂದು ಈ ಸೀಮೆಯಲ್ಲಿ ಯಾರಾದರೂ ಆಡಿದ್ದುಂಟೇ? ಮರದಿಂದ ಹಣ್ಣು ಬೀಳುವದು, ಕುಡುಗೋಲಿನಿಂದ ತೆನೆ ಕೊಯ್ಯುವದು, ರೂಪವೊಂದೇ, ಅರ್ಥವೆರಡು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವದರಿಂದ ಬರುವ ಇಂಥ ತೊಡಕುಗಳನ್ನು ಡಿ. ಎನ್. ಶಂಕರ ಭಟ್ಟರು ೨೦೦೦ರಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅವರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕೆಂದಿಲ್ಲ. ಪರೀಕ್ಷೆಗಾಗಿ ಪಂಚಮಿಯ ಹೆಸರನ್ನು ಕಲಿಸಲೇಬೇಕು, ಕಲಿಸಿರಿ. ಆದರೆ ಮಗುವು ಆಡುವ ವಾಕ್ಯವನ್ನು ಮೊದಲು ಬರೆಸಿ, ಹೆಸರನ್ನು ಕಡೆಗೆ ಹೇಳಿರಿ.

ಇಲ್ಲಿ ಒಂದು ಸೂಕ್ಷ್ಮವಾದ ವಿಚಾರಕ್ಕೆ ಬರುತ್ತೇನೆ. ಈ ಭಾಗದ ಮಗುವು ‘ಹೊಲದಾಗ’ ಎನ್ನುತ್ತದೆ, ‘ಮನಿ’ ಎನ್ನುತ್ತದೆ, ‘ಐತಿ’ ಎನ್ನುತ್ತದೆ. ಪುಸ್ತಕದಲ್ಲಿ ಹೊಲದಲ್ಲಿ, ಮನೆ, ಇದೆ ಎಂದಿದೆ. ಆಗ ‘ತಪ್ಪು! ಶುದ್ಧವಾಗಿ ಮಾತನಾಡು’ ಎಂದು ಗದರಿಸುವ ವಾಡಿಕೆಯುಂಟು. ‘ಹೊಲದಾಗ’ ಎಂಬುದು ತಪ್ಪೇ? ಹೊಲದೊಳಗೆ ಎಂಬುದು ಸವೆದು ಹೊಲದಾಗ ಆಗಿದೆ. ಈ ಒಳಗೆ ಎಂಬುದರ ಮೂಲವಾದ ‘ಒಳ್’ ಹಳಗನ್ನಡದಲ್ಲಿ ಸಪ್ತಮಿಯ ಪ್ರತ್ಯಯವೇ ಆಗಿತ್ತು. ಅಂದಮೇಲೆ ಕುರಿ ಕಾಯುವವನ ಮಗನು ಈ ಒಂದು ರೂಪದ ಮಟ್ಟಿಗೆ ಪಠ್ಯಪುಸ್ತಕಕ್ಕಿಂತ ಕೇಶಿರಾಜನಿಗೆ ಹತ್ತಿರದವನು! ಅವನನ್ನು ನಾವು ಅಶುದ್ಧನೆಂದು ಮೂಲೆಯಲ್ಲಿ ಕೂಡಿಸುತ್ತೇವೆ. ಹಾಗೆ ಕೂತ ಮಗುವು ಮಾತನ್ನು ತಿದ್ದಿಕೊಳ್ಳುವದಿಲ್ಲ, ಮಾತನಾಡುವದನ್ನೇ ಬಿಡುತ್ತದೆ. ಬಾಯಿ ಮುಚ್ಚಿದ ಮಗುವಿನ ಲೇಖನಿಯೂ ಮುಚ್ಚುತ್ತದೆ. ತನ್ನ ಮನೆಯ ಮಾತಿಗೆ ಮರ್ಯಾದೆಯಿಲ್ಲವೆಂದು ಒಮ್ಮೆ ಮನಸ್ಸಿಗೆ ಬಂದಮೇಲೆ, ಕನ್ನಡ ಶಾಲೆಯನ್ನೇ ಬಿಟ್ಟುಹೋಗುವದಕ್ಕೆ ಇನ್ನೆಷ್ಟು ಹೊತ್ತು?

‘ಹಾಗಾದರೆ ಗ್ರಂಥಭಾಷೆಯನ್ನು ಕಲಿಸುವದೇ ಬೇಡವೇ?’ ಎಂದು ಕೇಳುವಿರಿ. ಖಂಡಿತವಾಗಿ ಕಲಿಸಬೇಕು, ಬಿಗಿಯಾಗಿ ಕಲಿಸಬೇಕು. ಬೀದರದ ಓದುಗನಿಗೂ ಮಂಗಳೂರಿನ ಓದುಗನಿಗೂ ಅರ್ಥವಾಗುವ ಸಮಾನವಾದ ಬರಹದ ಭಾಷೆಯಿಲ್ಲದಿದ್ದರೆ ನಾಡು ಒಂದಾಗಿ ಉಳಿಯದು. ಆದರೆ ಅದನ್ನು ಎರಡನೆಯ ಉಡುಪಿನಂತೆ ಕಲಿಸಬೇಕು. ಹೊಲಕ್ಕೆ ಹೋಗುವಾಗ ಉಡುವ ಬಟ್ಟೆಯೊಂದು, ಜಾತ್ರೆಗೆ ಉಡುವದೊಂದು; ಒಂದನ್ನು ಕೊಡಲು ಇನ್ನೊಂದನ್ನು ಹರಿಯಬೇಕಾಗಿಲ್ಲ. ಹಲಗೆಯ ಎಡಕ್ಕೆ ‘ನಾವು ಆಡುವದು’, ಬಲಕ್ಕೆ ‘ನಾವು ಬರೆಯುವದು’ ಎಂದು ಎರಡು ಸಾಲುಗಳನ್ನು ಮಾಡಿ ಮಕ್ಕಳಿಂದಲೇ ತುಂಬಿಸಿರಿ. ಮನಿ–ಮನೆ, ಕೆರಿ–ಕೆರೆ, ಎಲಿ–ಎಲೆ ಎಂದು ಹತ್ತು ಜೋಡಿಗಳಾಗುವಷ್ಟರಲ್ಲಿ ‘ಕೊನೆಯ ಇ ಬರಹದಲ್ಲಿ ಎ ಆಗುತ್ತದೆ’ ಎಂಬ ಸೂತ್ರವನ್ನು ಅವರೇ ಹೇಳುವರು. ಮರುಕ್ಷಣವೇ ಇನ್ನೊಬ್ಬನು ‘ಕುರಿ’ ಎಂಬುದು ‘ಕುರೆ’ ಆಗುವದಿಲ್ಲವಲ್ಲ ಎಂದು ಆಕ್ಷೇಪಿಸುವನು. ಆ ಆಕ್ಷೇಪವೇ ವ್ಯಾಕರಣದ ಆರಂಭ.

ತಮ್ಮ ತರಗತಿಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ಹರಪನಹಳ್ಳಿಯ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಹಲವು. ಅವರ ನುಡಿಯು ರಾಜಸ್ಥಾನದ ನುಡಿಗಳ ಬಳಗಕ್ಕೆ ಸೇರಿದ್ದು. ಉರ್ದು ಮನೆಗಳೂ ಉಂಟು. ಉರ್ದುವಿನಲ್ಲಿ ರೊಟ್ಟಿಯು ಸ್ತ್ರೀಲಿಂಗ, ನೀರು ಪುಲ್ಲಿಂಗ. ಆದರೆ ಅವನು, ಅವಳು, ಅದು ಎಂಬ ಮೂರಕ್ಕೂ ‘ವೋ’ ಎಂಬುದೊಂದೇ ಸಾಕು. ಬಳ್ಳಾರಿಯ ಕಡೆಗೆ ನಡೆದರೆ ತೆಲುಗು ಮನೆಗಳು. ಆ ನುಡಿಯಲ್ಲಿ ಅವಳು ಬಂದಳು, ಅದು ಬಂದಿತು ಎಂಬೆರಡಕ್ಕೂ ಕ್ರಿಯಾಪದ ಒಂದೇ. ಇಂಥ ಮನೆಯ ಮಗುವು ‘ಅಮ್ಮ ಬಂತು’ ಎಂದರೆ ಅದು ದಡ್ಡತನವಲ್ಲ. ಇನ್ನೊಂದು ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುವಿಕೆ. ‘ನಿಮ್ಮ ಮನೆಯಲ್ಲಿ ಹೇಗೆನ್ನುವಿರಿ?’ ಎಂದು ಕೇಳಿ, ಅದನ್ನೂ ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆಯಿರಿ. ಕನ್ನಡದ ಲಿಂಗವ್ಯವಸ್ಥೆಯು ಎಷ್ಟು ಸರಳವೆಂಬುದು, ಅದರ ಪಕ್ಕದಲ್ಲಿ ಬೇರೊಂದು ನಿಂತಾಗಲೇ ಕನ್ನಡದ ಮಕ್ಕಳಿಗೂ ಗೊತ್ತಾಗುವದು.

ಇನ್ನು ಶಬ್ದಸಂಪತ್ತಿಯ ವಿಷಯ. ಕಠಿಣ ಪದಗಳ ಅರ್ಥವೆಂದು ಒಂದು ಪದಕ್ಕೆ ಇನ್ನೊಂದು ಪದವನ್ನು ಬರೆಯಿಸುವದು ನಮ್ಮ ರೂಢಿ. ಒಂದು ತಿಳಿಯದ ಪದಕ್ಕೆ ಬದಲು ಎರಡು ತಿಳಿಯದ ಪದಗಳಾಗುವದೇ ಇದರ ಫಲ. ಪದಗಳು ಒಂಟಿಯಾಗಿ ಬಾಳುವದಿಲ್ಲ, ಮನೆತನ ಕಟ್ಟಿಕೊಂಡು ಬಾಳುತ್ತವೆ. ಕಲಿ, ಕಲಿಸು, ಕಲಿಕೆ. ನಡೆ, ನಡೆಸು, ನಡಿಗೆ, ನಡತೆ, ನಡವಳಿಕೆ. ಬೆಳೆ, ಬೆಳೆಸು, ಬೆಳವಣಿಗೆ. ಮಗುವು ಬಲ್ಲ ಒಂದು ಕ್ರಿಯಾಪದವನ್ನು ಹಿಡಿದು ಅದರ ಒಕ್ಕಲನ್ನೆಲ್ಲ ಕರೆದರೆ ಒಂದು ದಿನಕ್ಕೆ ಐದು ಪದಗಳಾದುವು. ಕೃದಂತದ ಪಾಠವೂ ಹೆಸರಿಲ್ಲದೆ ಆಯಿತು.

ಬಿತ್ತು, ಹರಗು, ಒಕ್ಕು, ತೂರು, ಕೇರು ಎಂಬ ಮಾತುಗಳನ್ನು ಈ ಸೀಮೆಯ ರೈತರ ಮಕ್ಕಳು ಬಲ್ಲರು. ಕೂರಿಗೆ, ಕುಂಟೆ, ನೊಗ, ಮಿಣಿ, ಹಗೇವುಗಳ ಹೆಸರು ಪಟ್ಟಣದ ಪದವೀಧರನಿಗೆ ತಿಳಿಯದಿರಬಹುದು, ಇವರಿಗೆ ತಿಳಿದಿದೆ. ಒಕ್ಕಣೆ ಎಂದರೆ ಕಣದ ಕೆಲಸವೆಂದು ಮಗುವು ಹೇಳುವದು. ಕಾಗದ ಬರೆಯುವ ರೀತಿಗೂ ಒಕ್ಕಣೆಯೆನ್ನುವರೆಂದು ತಾವು ಕೂಡಿಸಿರಿ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಹೇಳಿಸಿ, ತೂರು ಎಂಬುದಕ್ಕೂ ತೂರಿಕೋ ಎಂಬುದಕ್ಕೂ ಇರುವ ಭೇದವನ್ನು ಕೇಳಿರಿ. ಟ್ರಾಕ್ಟರೂ ಒಕ್ಕುವ ಯಂತ್ರವೂ ಬಂದಮೇಲೆ ಈ ಪದಗಳಲ್ಲಿ ಎಷ್ಟೋ ಮರೆಯಾಗುತ್ತಲಿವೆ. ಆದುದರಿಂದ ಪ್ರತಿ ತರಗತಿಯೂ ತನ್ನದೊಂದು ಪದಕೋಶವನ್ನು ಕಟ್ಟಲಿ: ಪದ, ಅದನ್ನು ಹೇಳಿದವರು ಯಾರು, ಅದನ್ನು ಬಳಸಿದ ಒಂದು ವಾಕ್ಯ, ಸಾಧ್ಯವಾದರೆ ಒಂದು ಚಿತ್ರ. ೧೮೯೪ರಲ್ಲಿ ಕಿಟ್ಟೆಲ್ಲರ ಕೋಶವು ಮಂಗಳೂರಿನಲ್ಲಿ ಅಚ್ಚಾಯಿತು. ದೂರದೇಶದಿಂದ ಬಂದವರು ಅಷ್ಟು ಮಾಡಿರಲು, ನಮ್ಮ ಮಕ್ಕಳು ತಮ್ಮ ಅಜ್ಜಿಯ ನೂರು ಪದಗಳನ್ನು ಬರೆದಿಡಲಾರರೇ?

ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಅನುಕೂಲವಾದ ದಾರಿ ಬಿದ್ದಿದೆ. ೧೯೯೫ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ೨೦೦೯–೧೦ರಿಂದ ರಾಜ್ಯದ ಸರಕಾರಿ ಕಿರಿಯ ತರಗತಿಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಹೊರಡುತ್ತದೆ. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸಗಳು ಓದಲು ಬರುತ್ತವೆ. ಅಕ್ಷರಕ್ಕೆ ಒಪ್ಪಿದ ಈ ವಿವೇಕವನ್ನು ವ್ಯಾಕರಣಕ್ಕೂ ಮುಂದುವರಿಸಿರೆಂದೇ ನನ್ನ ಬಿನ್ನಹ. ಒಂದು, ಎರಡನೆಯ ತರಗತಿಗಳಲ್ಲಿ ಕೇವಲ ಮಾತು, ಕಥೆ, ಗಾದೆ, ಒಗಟು. ವ್ಯಾಕರಣದ ಹೆಸರೇ ಬೇಡ. ಮೂರನೆಯದರಲ್ಲಿ ಪದಗಳನ್ನು ಗುಂಪು ಮಾಡುವದು. ನಾಲ್ಕು, ಐದರಲ್ಲಿ ಗುಂಪಿಗೆ ಹೆಸರಿಡುವದು. ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಐದು ವಾಕ್ಯಗಳ ಸ್ವಂತ ಬರಹ. ಅದರಲ್ಲಿ ಎಲ್ಲ ತಪ್ಪುಗಳನ್ನೂ ಕೆಂಪು ಶಾಯಿಯಲ್ಲಿ ಮುಳುಗಿಸದೆ, ಒಂದೊಂದು ವಾರ ಒಂದೊಂದು ಬಗೆಯ ತಪ್ಪನ್ನು ಮಾತ್ರ ತಿದ್ದುವದು.

ಮಹನೀಯರೇ, ಈ ಸೀಮೆಯು ಮದ್ರಾಸಿನ ಆಡಳಿತದಿಂದ ಬಿಡಿಸಿಕೊಂಡು ೧೯೫೩ರ ಅಕ್ಟೋಬರ ೧ರಂದು ಮೈಸೂರಿಗೆ ಸೇರಿತು. ೧೯೫೬ರ ನವಂಬರ ೧ರಂದು ಕನ್ನಡ ನಾಡು ಒಂದಾಯಿತು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದುವು, ಮಗುವಿನ ‘ಹೊಲದಾಗ’ ಬದಲಾಗಲಿಲ್ಲ. ನಕಾಶೆಯ ಮೇಲಿನ ಏಕೀಕರಣವು ಹಿರಿಯರ ತ್ಯಾಗದಿಂದ ಆಗಿಹೋಯಿತು. ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವಿನ ಏಕೀಕರಣವು ಇನ್ನೂ ಆಗಬೇಕಾಗಿದೆ. ಅದನ್ನು ಮಾಡುವ ಅಧಿಕಾರವು ಯಾವ ಆಯೋಗಕ್ಕೂ ಇಲ್ಲ. ಸೀಮೆಸುಣ್ಣ ಹಿಡಿದ ತಮ್ಮ ಕೈಗೆ ಉಂಟು. ನಾಳೆ ಬೆಳಿಗ್ಗೆ ಹಲಗೆಯ ಮೇಲೆ ಮೊದಲು ಮಗುವಿನ ವಾಕ್ಯವೊಂದನ್ನು ಬರೆಯಿರೆಂದು ಪ್ರಾರ್ಥಿಸುತ್ತೇನೆ.