ಹೆಸರು ಹಿಡಿದು ಕುಂತರ ಗಿರಾಕಿ ಬರೂದಿಲ್ಲ

(ಸಂಘದ ವಾರ್ಷಿಕೋತ್ಸವದ ಯುವಜನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ನನಗೆ ಕೊಟ್ಟ ವಿಷಯ ಇಂಟರ್ನೆಟ್ ಹೆಸರುಗಳ ವ್ಯಾಪಾರ. ಕಾರ್ಯದರ್ಶಿ ಫೋನ್ ಮಾಡಿ, "ನೀ ಗಳಿಸಿದ್ದು ಹೇಳು, ಹುಡುಗರಿಗೆ ಹುರುಪು ಬರ್ತದ" ಅಂದರು. ಕಳಕೊಂಡದ್ದೂ ಹೇಳ್ತೀನಿ, ನಡೀತದೇನು ಅಂತ ಕೇಳಿದೆ. ಯಾಕಂದ್ರ ಈ ವರ್ಷ ನಮ್ಮ ಸಂಘದ ಆರೇಳು ಹುಡುಗರು ಮೊಬೈಲಿನಲ್ಲಿ ವಿಡಿಯೋ ನೋಡಿ ಡೊಮೈನ್ ಕೊಂಡಾರ. ಒಬ್ಬನ ಹತ್ತಿರ 11 ಅವ. "ಅಣ್ಣಾ, ಇನ್ನ ಯಾರಿಗೆ ಮಾರಬೇಕು?" ಅಂತ ಈಗ ಕೇಳ್ತಾರ. ಈ ಪ್ರಶ್ನೆ ಕೊಳ್ಳೋಕಿಂತ ಮೊದಲು ಕೇಳಬೇಕಾಗಿತ್ತು. ನಾನೂ ಕೇಳಿರಲಿಲ್ಲ, ಅದಕ್ಕೇ ಇಲ್ಲಿ ನಿಂತೀನಿ.

ಹಿರಿಯರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಡೊಮೈನ್ ಅಂದ್ರ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ. ಒಂದು ಹೆಸರು ಒಬ್ಬರಿಗೇ ಸಿಗ್ತದ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರ ಅಮೆರಿಕದ ವೆರಿಸೈನ್ ಎಂಬ ಕಂಪನಿಯ ಕೈಯಲ್ಲಿದೆ. ಡಾಟ್ ಇನ್ ಹೆಸರುಗಳದ್ದು ನಮ್ಮ ದೇಶದ ನಿಕ್ಸಿ ಎಂಬ ಸಂಸ್ಥೆಯದು. ನಾವು ನಡುವಿನ ರಿಜಿಸ್ಟ್ರಾರ್ ಕಂಪನಿಗಳಿಗೆ ವರ್ಷಕ್ಕೆ ಇಷ್ಟು ಅಂತ ಕಟ್ಟಿ ಹೆಸರು ಇಟ್ಟುಕೊಳ್ಳುತ್ತೇವೆ. ಅದು ಹೊಲ ಅಲ್ಲ, ಬಾಡಿಗಿ ಗಾಳಾ ಇದ್ದಂಗ. ಕಟ್ಟೂದು ಬಿಟ್ಟರೆ ಕೈ ತಪ್ಪತದ. ಯಾರೂ ಹಿಡಿಯದ ಹೆಸರನ್ನು ಮೊದಲೇ ಹಿಡಿದು, ಬೇಕಾದವರಿಗೆ ಹೆಚ್ಚಿನ ಬೆಲೆಗೆ ಕೊಡುವುದೇ ಈ ಧಂದಾ. ವಾಯ್ಸ್ ಡಾಟ್ ಕಾಮ್ ಎಂಬ ಒಂದು ಹೆಸರು 2019ರಲ್ಲಿ 3 ಕೋಟಿ ಡಾಲರಿಗೆ ಮಾರಿತು. ವಿಡಿಯೋದವರು ಹೇಳೂದು ಇದನ್ನೇ. ಆ ಹೆಸರನ್ನು ಮಾರಿದ ಕಂಪನಿ ಅದನ್ನು ಎಷ್ಟೋ ವರ್ಷಗಳಿಂದ ಇಟ್ಟುಕೊಂಡಿತ್ತು ಅನ್ನೂದು ಮಾತ್ರ ಹೇಳೂದಿಲ್ಲ.

ನಾನು ಕೊಂಡದ್ದು 23 ಹೆಸರು. ದುಡ್ಡು ಅವ್ವನ ಭಿಶಿ ಎತ್ತಿದ್ದು. ಮೊದಲ ವರ್ಷ ಆಫರಿನಲ್ಲಿ ಅಗ್ಗ ಇತ್ತು. ಎರಡನೇ ವರ್ಷ ರಿನ್ಯೂ ಮಾಡಲು ಹೆಸರಿಗೆ ಸಾವಿರದ ಮೇಲೆ ಕೇಳಿದಾಗ ಎದೆ ಧಸಕ್ ಅಂತು. ಅಷ್ಟರಲ್ಲಿ ಒಂದು ಇಮೇಲ್ ಬಂತು. ನಿನ್ನ ಹೆಸರೊಂದನ್ನು 4,000 ಡಾಲರಿಗೆ ಕೊಳ್ತೀವಿ, ಆದ್ರ ಮೊದಲು ನಾವು ಹೇಳಿದ ಜಾಗದಿಂದ ಬೆಲೆ ಕಟ್ಟಿದ ಸರ್ಟಿಫಿಕೇಟ್ ತರಿಸು ಅಂತ. ಆ ಸರ್ಟಿಫಿಕೇಟಿಗೆ ಆರು ಸಾವಿರ ರೂಪಾಯಿ ಕಟ್ಟಿದೆ. ಕಟ್ಟಿದ ಮರುದಿನದಿಂದ ಕೊಳ್ಳುವವನೂ ಇಲ್ಲ, ಉತ್ತರವೂ ಇಲ್ಲ. ಇಬ್ಬರೂ ಒಬ್ಬನೇ ಅಂತ ಆಮೇಲೆ ತಿಳೀತು. ಇದು ಈ ಧಂದಾದಾಗ ಬಹಳ ಹಳೇ ಮೋಸ. ನಿಜವಾಗಿ ಕೊಳ್ಳುವವನು ನಿನ್ನ ಕಡೆಯಿಂದ ಒಂದು ರೂಪಾಯಿಯೂ ಕೇಳೂದಿಲ್ಲ. ಇದನ್ನ ಅವ್ವಗ ಹೇಳಾಕ ನನಗ ನಾಲ್ಕು ತಿಂಗಳು ಹಿಡೀತು.

ಆಗ ನಾನು ಸೋಲಾಪುರದ ಒಂದು ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಮಾಲು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದೆ. ದಿನಾ ನೂರಾರು ಡಬ್ಬಿ ಬರೋವು: ಚಾದರ, ಟವೆಲ್, ಶೇಂಗಾ ಚಟ್ನಿ, ಕಡಕ್ ಭಾಕ್ರಿ. ಒಂದು ದಿನ ಡಬ್ಬಿಯ ಮೇಲೆ ಅಚ್ಚು ಹಾಕಿದ ವಿಳಾಸ ಓದುತ್ತ ನಿಂತೆ. ಒಬ್ಬರದು ನಡುವೆ ಎರಡು ಗೀಟು ಇರುವ ಉದ್ದನೆಯ ವೆಬ್ ವಿಳಾಸ, ಫೋನಿನಲ್ಲಿ ಹೇಳಿದರೆ ಬರಕೊಳ್ಳೋರು ತಪ್ಪಬೇಕು. ಇನ್ನೊಬ್ಬರು ಲಕ್ಷಗಟ್ಟಲೆ ಮಾಲು ಕಳಿಸ್ತಾರ, ಹೆಸರಿನ ಜೊತೆ ನಾಲ್ಕು ಅಂಕಿ ಇರುವ ಜಿಮೇಲ್ ಒಂದೇ ಅವರ ಗುರುತು. ನಾನು ರಾತ್ರಿ ಕುಂತು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದ ಗಿರಾಕಿಗಳು ಹಗಲೆಲ್ಲ ನನ್ನ ಕಣ್ಣ ಮುಂದೇ ಇದ್ದರು.

ಅವತ್ತಿನಿಂದ ಒಂದು ವಹಿ ಇಟ್ಟೆ. ಇದು ನೀವೂ ಮಾಡಬಹುದು, ದುಡ್ಡು ಬೇಕಾಗಿಲ್ಲ. ನಿಮ್ಮ ಹೆಸರಿನಲ್ಲಿರುವ ಶಬ್ದದ ವ್ಯಾಪಾರವನ್ನೇ ಯಾರು ಮಾಡ್ತಾರೆ ಅಂತ ಬರೆದುಕೊಳ್ಳಿ. ಆ ಶಬ್ದವನ್ನು ಗೂಗಲಿನಲ್ಲಿ ಹಾಕಿದರೆ ಮೇಲೆ 'ಪ್ರಾಯೋಜಿತ' ಅಂತ ಜಾಹೀರಾತು ಬರ್ತಾವಲ್ಲ, ಅವರು ಆ ಶಬ್ದಕ್ಕಾಗಿ ಆಗಲೇ ದುಡ್ಡು ಸುರಿಯುತ್ತಿರುವವರು. ಅವರು ಮೊದಲ ಸಾಲಿನ ಗಿರಾಕಿಗಳು. ನಿಮ್ಮದು ಡಾಟ್ ಕಾಮ್ ಇದ್ದರೆ, ಅದೇ ಹೆಸರಿನ ಡಾಟ್ ಇನ್ ಇಟ್ಟುಕೊಂಡು ವ್ಯಾಪಾರ ಮಾಡುವವರು ಎರಡನೆಯವರು. ಆಮೇಲೆ ಇಂಡಿಯಾಮಾರ್ಟ್, ಗೂಗಲ್ ನಕ್ಷೆ, ಇನ್‌ಸ್ಟಾಗ್ರಾಂ ನೋಡಿ. ಸ್ವಂತ ವಿಳಾಸ ಇಲ್ಲದ, ಆದರೆ ಮಾಲು ಚೆನ್ನಾಗಿ ಓಡುವ ಅಂಗಡಿಗಳು ಅಲ್ಲಿ ಸಿಗ್ತಾವ. ಒಂದು ಹೆಸರಿಗೆ ಇಂಥ ಹತ್ತು ಮಂದಿಯನ್ನೂ ಬರೆಯಲು ಆಗದಿದ್ದರೆ ಆ ಹೆಸರಿಗೆ ಗಿರಾಕಿ ಇಲ್ಲ ಅಂತಲೇ ಅರ್ಥ. ನನ್ನ 23ರಲ್ಲಿ 16 ಹೆಸರು ಹಂಗೇ ಬಿದ್ದುಹೋದವು. ರಿನ್ಯೂ ಮಾಡದೆ ಬಿಟ್ಟೆ. ಬಿಡೂದು ಸೋಲು ಅಲ್ರಿ, ಪ್ರತಿ ವರ್ಷ ಅದಕ್ಕ ದುಡ್ಡು ಹಾಕೂದು ಸೋಲು.

ಒಂದು ಮಾತು ನಡುವೆ. ಕನ್ನಡ ಲಿಪಿಯಲ್ಲಿಯೂ 'ಡಾಟ್ ಭಾರತ' ಹೆಸರು ಸಿಗ್ತದ. ಗಡಿಯಾಚೆ ಇರುವ ನಮಗೆ ಅದು ಅಭಿಮಾನದ ಸಂಗತಿ, ನನ್ನ ಹತ್ತಿರವೂ ಒಂದಿದೆ. ಆದರೆ ಅನೇಕ ಫಾರ್ಮುಗಳು ಅಂಥ ವಿಳಾಸದ ಇಮೇಲ್ ಇನ್ನೂ ಒಪ್ಪೂದಿಲ್ಲ. ಅಭಿಮಾನಕ್ಕೆ ಇಟ್ಟುಕೊಳ್ಳಿ, ಮಾರಾಟಕ್ಕೆ ಅಂತ ಕೊಳ್ಳಬೇಡಿ.

ಇನ್ನು ಕೇಳುವ ರೀತಿ. ನಾನು ಮೊದಲು ಮಾಡಿದ್ದು ಒಂದೇ ಇಮೇಲನ್ನು ಇನ್ನೂರು ಜನಕ್ಕೆ ಕಳಿಸಿದ್ದು. "ಪ್ರೀಮಿಯಂ ಹೆಸರು, ಕೊನೇ ಅವಕಾಶ" ಅಂತೆಲ್ಲ ಬರೆದಿದ್ದೆ. ಒಬ್ಬರೂ ಉತ್ತರಿಸಲಿಲ್ಲ. ವಹಿ ಇಟ್ಟ ಮೇಲೆ ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದೆ. ಹೋಟೆಲ್, ಟವೆಲ್, ಸಗಟು, ಈ ಮೂರು ಅರ್ಥದ ಇಂಗ್ಲಿಷ್ ಶಬ್ದ ಸೇರಿದ ಡಾಟ್ ಕಾಮ್ ಒಂದು ನನ್ನಲ್ಲಿತ್ತು. ಆ ಎರಡು ಗೀಟಿನ ವಿಳಾಸದ ಯಜಮಾನರಿಗೆ ಮರಾಠಿಯಲ್ಲಿ ಬರೆದದ್ದು ಇಷ್ಟೇ:

"ನಮಸ್ಕಾರ. ನೀವು ಹೋಟೆಲುಗಳಿಗೆ ಟವೆಲ್ ಕಳಿಸುತ್ತೀರಿ ಎಂದು ನಿಮ್ಮ ಡಬ್ಬಿ ನೋಡಿ ತಿಳಿದೆ. ಈ ಹೆಸರು ನನ್ನ ಹತ್ತಿರ ಇದೆ. ಫೋನಿನಲ್ಲಿ ಒಮ್ಮೆ ಹೇಳಿದರೆ ಸಾಕು, ಗಿರಾಕಿಗೆ ನೆನಪು ಉಳಿಯುತ್ತದೆ. ಬೆಲೆ 20,000 ರೂಪಾಯಿ, ಒಂದೇ ಸಲ. ಮುಂದೆ ವರ್ಷದ ಶುಲ್ಕವನ್ನು ನೀವೇ ರಿಜಿಸ್ಟ್ರಾರಿಗೆ ಕಟ್ಟಬೇಕು. ಬೇಡವಾದರೆ ಒಂದು ಸಾಲು ಬರೆಯಿರಿ, ಮತ್ತೆ ತೊಂದರೆ ಕೊಡುವುದಿಲ್ಲ."

ಕೆಳಗೆ ನನ್ನ ಪೂರ್ತಿ ಹೆಸರು, ಫೋನ್ ನಂಬರು. ಎಂಟು ದಿನ ಸುಮ್ಮನಿದ್ದರು. ಒಂದೇ ಸಲ ಫೋನ್ ಮಾಡಿ ನೆನಪಿಸಿದೆ. ಹದಿನೈದು ಸಾವಿರಕ್ಕೆ ಕೇಳಿದರು, ಹದಿನೆಂಟಕ್ಕೆ ಮುಗೀತು. ಬೆಲೆಯನ್ನು ಮೊದಲೇ ಹೇಳಬೇಕೋ ಬೇಡವೋ ಅಂತ ಬಲ್ಲವರಲ್ಲಿಯೂ ವಾದ ಇದೆ. ನಮ್ಮ ಭಾಗದ ವ್ಯಾಪಾರಿಗಳಿಗೆ ಹೇಳಿಬಿಡೂದೇ ಚಲೋ ಅಂತ ನನ್ನ ಅನುಭವ. ಬೆಲೆ ಇಲ್ಲದ ಪತ್ರ ಕಂಡರ ಮೋಸ ಅಂತ ತಿಳೀತಾರ. ಎಷ್ಟು ಹೇಳಬೇಕು ಅನ್ನಾಕ ಅಂಥವೇ ಹೆಸರುಗಳು ಹಿಂದೆ ಎಷ್ಟಕ್ಕೆ ಹೋದವು ಅಂತ ನೇಮ್‌ಬಯೋದಲ್ಲಿ ನೋಡಬಹುದು. ಬರೆದ ಪತ್ರ ಗುಮಾಸ್ತನ ಕೈಗೆ ಹೋದರೆ ಕಸದ ಬುಟ್ಟಿ ಸೇರತದ, ಯಜಮಾನರ ಕೈಗೇ ಮುಟ್ಟಬೇಕು.

ಪೂರ್ತಿ ಹೆಸರು ಬರೆದೆ ಅಂದೆನಲ್ಲ, ಅದರ ಕತಿನೂ ಹೇಳಬೇಕು. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ಎಷ್ಟು ಜನ ಬರ್ತಾರ ನಿಮಗೆ ಗೊತ್ತು. ಊರಿನ ಹೆಸರು, ವಸತಿ, ಎರಡೂ ಸೇರಿದ ಹೆಸರೊಂದು ನನ್ನಲ್ಲಿತ್ತು. ಒಬ್ಬ ಲಾಡ್ಜಿನವರಿಗೆ ಮನಸ್ಸಿಗೆ ಬಂದಿತ್ತು. ಚಹಾ ತರಿಸಿದರು. ಮಾತಿನ ನಡುವೆ "ಆಡನಾವ್ ಏನು?" ಅಂದರು. ಹೇಳಿದೆ. ಚಹಾ ಮುಗೀತು, ಮಾತೂ ಮುಗೀತು. ಆಮೇಲೆ ಫೋನ್ ಎತ್ತಲಿಲ್ಲ. ಗೆಳೆಯನೊಬ್ಬ, "ಬ್ಯಾರೆ ಅಡ್ಡಹೆಸರಿನ ಇಮೇಲ್ ಮಾಡ್ಕೋ, ಇಂಟರ್ನೆಟ್ಟಿನ್ಯಾಗ ಯಾರಿಗೆ ಗೊತ್ತಾಗ್ತದ" ಅಂದ. ಎರಡು ದಿನ ವಿಚಾರ ಮಾಡಿದೆ, ಸುಳ್ಳು ಯಾಕ ಹೇಳಲಿ. ಆದರೆ ಹೆಸರು ಮಾರೂದು ನನ್ನ ಧಂದಾ, ನನ್ನ ಹೆಸರೇ ಮುಚ್ಚಿಟ್ಟು ಹೆಂಗ ಮಾರಲಿ? ಅದಲ್ಲದೆ ಕೈಬದಲು ಮಾಡುವಾಗ ಬ್ಯಾಂಕಿನ ಖಾತೆ ತೋರಿಸಲೇಬೇಕು, ಆಗ ನನ್ನನ್ನೇ ಕಳ್ಳ ಅಂತಾರ. ಅದೇ ಹೆಸರನ್ನು ಆರು ತಿಂಗಳ ಮೇಲೆ ಬೇರೆ ಲಾಡ್ಜಿನವರು 9,000ಕ್ಕೆ ಕೊಂಡರು. ಅವರು ಅಡ್ಡಹೆಸರು ಕೇಳಲಿಲ್ಲ, ಪತ್ರದಲ್ಲೇ ಇತ್ತು.

ಈಗ ಎಚ್ಚರಿಕೆಯ ಮಾತು. ಇಲ್ಲಿ ಕುಂತ ಇಬ್ಬರು ದೊಡ್ಡ ಕಂಪನಿಗಳ ಹೆಸರಿಗೆ ಬಾಲ ಹಚ್ಚಿ ಡೊಮೈನ್ ಹಿಡಿದಾರ. ತಮ್ಮಾ, ಅದು ಗಿರಾಕಿ ಅಲ್ಲ, ಅದು ಕೋರ್ಟು. ಡೊಮೈನ್ ಹೆಸರಿಗೂ ವ್ಯಾಪಾರದ ಗುರುತಿನಂತೆ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. 'ಸಿಫಿ' ಅನ್ನೂ ಹೆಸರನ್ನು ಹೋಲುವ ಹೆಸರಿನ ಜಗಳ ಅದು. ಇನ್ನೂ ಒಂದು ಗೊತ್ತಿರಲಿ. ಡಾಟ್ ಕಾಮ್ ಹೆಸರುಗಳ ತಕರಾರಿಗೆ 1999ರಿಂದ ಒಂದು ನಿಯಮ ಇದೆ, ಯುಡಿಆರ್‌ಪಿ ಅಂತಾರ. ಗುರುತಿನ ಒಡೆಯನಿಗೇ ಹೆಚ್ಚಿನ ಬೆಲೆಗೆ ಮಾರಬೇಕು ಅಂತಲೇ ಹೆಸರು ಹಿಡಿದಿದ್ದರೆ, ಅದೇ ಕೆಟ್ಟ ಉದ್ದೇಶಕ್ಕೆ ಪುರಾವೆ. ಅಂದ್ರ ನೀನು ಕಂಪನಿಗೆ ಬರೆದ ಮಾರಾಟದ ಪತ್ರವನ್ನೇ ಅವರು ನಿನ್ನ ವಿರುದ್ಧ ಇಡಬಹುದು. ಡಾಟ್ ಇನ್‌ಗೂ ಇಂಥದ್ದೇ ನಿಯಮ ಇದೆ. 2024ರಲ್ಲಿ ದೆಹಲಿಯ ಒಬ್ಬ ಹುಡುಗ ಜಿಯೋ ಹಾಟ್‌ಸ್ಟಾರ್ ಎರಡೂ ಕೂಡಿಸಿದ ಹೆಸರು ಹಿಡಿದು, ಕೇಂಬ್ರಿಜ್ಜಿನಲ್ಲಿ ಓದುವ ಖರ್ಚು ಕೊಡಿ ಅಂತ ಕಂಪನಿಯನ್ನು ಕೇಳಿದ. ಎರಡೂ ಒಂದಾಗ್ತಾವ ಅಂತ ಅವನು ಮಾಡಿದ ಊಹೆ ನಿಜವಾಯಿತು. ಆದರೂ ಕಂಪನಿ ಒಪ್ಪಲಿಲ್ಲ. ಜಾಣತನಕ್ಕೆ ಕೊರತೆ ಇರಲಿಲ್ಲ ಆ ಹುಡುಗನಲ್ಲಿ, ಹಿಡಿದ ಹೆಸರು ಮಂದೀದು ಅಷ್ಟೇ. ಸೋಲಾಪುರಿ ಚಾದರ, ಟೆರಿ ಟವೆಲ್‌ಗೂ ಜಿಐ ಮಾನ್ಯತೆ ಇದೆ, ಅದಕ್ಕೇ ಆ ಹೆಸರುಗಳಿಗೆ ನಾನು ಕೈ ಹಚ್ಚಲಿಲ್ಲ. ಎಲ್ಲರೂ ಆಡುವ ಸಾದಾ ಶಬ್ದಗಳೇ ನಮಗೆ ಸುರಕ್ಷಿತ.

ಬಾಬಾಸಾಹೇಬರ ಹೆಸರಿನ ಮೇಲೆ ಹತ್ತು ಡೊಮೈನ್ ಹಿಡಿದು ನಮ್ಮವೇ ಸಂಘಗಳಿಗೆ ಮಾರೋಣ ಅಂತ ಒಬ್ಬರು ನನಗೆ ಸಲಹೆ ಕೊಟ್ಟರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಯಾರ ಹತ್ತಿರಾದರೂ ಅಂಥದ್ದು ಇದ್ದರೆ, ಕಟ್ಟಿದ ಶುಲ್ಕ ಅಷ್ಟೇ ತಗೊಂಡು ಸಂಘಕ್ಕೆ ಕೊಡಿ.

ಸೌದಾ ಕುದುರಿದ ಮೇಲೆ ಅವಸರ ಮಾಡಬಾರದು. ಹೆಸರನ್ನು ಬೇರೆ ರಿಜಿಸ್ಟ್ರಾರಿಗೆ ಸಾಗಿಸಲು ಆಥ್ ಕೋಡ್ ಅಂತ ಒಂದು ಕೀಲಿ ಇರ್ತದ. ದುಡ್ಡು ಬರೂ ಮುಂಚೆ ಅದನ್ನ ಯಾರಿಗೂ ಕೊಡಬೇಡಿ. ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆ ನೀವೇ ತೆಗೆದು ನೋಡಿ. ದೂರದ ಗಿರಾಕಿ, ದೊಡ್ಡ ಮೊತ್ತ ಇದ್ದರೆ ಎಸ್ಕ್ರೋ ಡಾಟ್ ಕಾಮ್ ಥರದ ನಡುವಿನವರಿದ್ದಾರೆ. ಅವರು ಹಣ ತಮ್ಮಲ್ಲಿ ಇಟ್ಟುಕೊಂಡು, ಹೆಸರು ಕೈಸೇರಿದ ಮೇಲೆ ಬಿಡ್ತಾರ. ಹತ್ತಿರದ ಗಿರಾಕಿಗೆ ನಾನು ಮಾಡೂದು ಬೇರೆ: ಅದೇ ರಿಜಿಸ್ಟ್ರಾರಿನಲ್ಲಿ ಅವರದೂ ಒಂದು ಖಾತೆ ತೆಗೆಸಿ, ಎದುರುಬದುರು ಕುಂತು, ಹಣ ಜಮಾ ಆದ ಕೂಡಲೇ ನನ್ನ ಖಾತೆಯಿಂದ ಅವರ ಖಾತೆಗೆ ಹೆಸರು ದಾಟಿಸ್ತೀನಿ. ಹೊಸದಾಗಿ ಕೊಂಡ ಡಾಟ್ ಕಾಮ್ ಹೆಸರನ್ನು ಮೊದಲ 60 ದಿನ ಬೇರೆ ರಿಜಿಸ್ಟ್ರಾರಿಗೆ ಸಾಗಿಸಲು ಸಾಮಾನ್ಯವಾಗಿ ಬಿಡೂದಿಲ್ಲ, ಅದಕ್ಕೂ ಈ ದಾರಿ ಅನುಕೂಲ. ನೀವು ಬೆನ್ನು ಹತ್ತಿದವರು ಬಿಟ್ಟು ಬೇರೆಯವರೂ ಬರಬಹುದಲ್ಲ, ಅದಕ್ಕೆ ಹೆಸರಿನ ಪುಟದ ಮೇಲೆ 'ಮಾರಾಟಕ್ಕಿದೆ' ಅಂತ ಫೋನ್ ನಂಬರಿನ ಜೊತೆ ಹಾಕಿ ಇಡಿ. ಸೆಡೊ, ಆಫ್ಟರ್‌ನಿಕ್‌ನಲ್ಲಿಯೂ ಪಟ್ಟಿಗೆ ಹಾಕಬಹುದು, ಮಾರಿದಾಗ ಅವರ ಕಮಿಷನ್ ಹೋಗ್ತದ.

ನನ್ನ ಲೆಕ್ಕ ಕೇಳ್ತೀರಿ. ಮೂರು ವರ್ಷದಾಗ ನಾಲ್ಕು ಹೆಸರು ಮಾರೀನಿ, ಒಟ್ಟು 41,000 ರೂಪಾಯಿ. ಖರ್ಚು, ಆ ಸರ್ಟಿಫಿಕೇಟಿನ ಮೋಸ ಎಲ್ಲ ಕಳೆದು ಉಳಿದದ್ದು ಹನ್ನೊಂದು ಸಾವಿರದ ಮೇಲೆ ಸ್ವಲ್ಪ. ಇದರಲ್ಲಿ ಸಂಸಾರ ನಡೆಯೂದಿಲ್ಲ, ಗೋದಾಮಿನ ಕೆಲಸ ನಾನು ಬಿಟ್ಟಿಲ್ಲ. ಅವ್ವನ ಭಿಶಿ ಮಾತ್ರ ತೀರಿತು. ಈಗ ಕೈಯಲ್ಲಿ ಮೂರೇ ಹೆಸರು ಉಳಿದಾವ, ಮೂರಕ್ಕೂ ವಹಿಯಲ್ಲಿ ಗಿರಾಕಿಗಳ ಪಟ್ಟಿ ಅದ.

ಬರುವ ರವಿವಾರ ಮಧ್ಯಾಹ್ನ ನಾನು ಸಂಘದ ವಾಚನಾಲಯದಲ್ಲಿ ಇರ್ತೀನಿ. ಡೊಮೈನ್ ಕೊಂಡವರು ನಿಮ್ಮ ನಿಮ್ಮ ಹೆಸರು, ರಿನ್ಯೂ ತಾರೀಖು ಬರೆದುಕೊಂಡು ಬರ್ರಿ. ಒಂದೊಂದಕ್ಕೂ ಹತ್ತು ಗಿರಾಕಿ ಸಿಗ್ತಾರೇನು ಅಂತ ಕೂಡಿ ಹುಡುಕೋಣ. ಸಿಗದಿದ್ದವನ್ನ ಅಲ್ಲೇ ಬಿಟ್ಟು ಬಿಡೋಣ. 11 ಹೆಸರಿನ ತಮ್ಮ ಮೊದಲು ಬರಲಿ, ಅವನ ತಾರೀಖು ಹತ್ತಿರ ಬಂದದ.

ಜೈ ಭೀಮ್.