ಕೆಮ್ಮಣ್ಣಿನ ಲೋಡು ತಡೀಲಿ, ಮೊದಲು ತರಗೆಲೆ ತನ್ನಿ

ಮನೆ ಹಿಂದಿನ ಹಿತ್ತಲಿಗೆ ನಾಲ್ಕೈದು ವರ್ಷದಿಂದ ಯಾರೂ ಕಾಲಿಟ್ಟಿಲ್ಲ. ಎದೆಮಟ್ಟ ಕಾಂಗ್ರೆಸ್ ಗಿಡ. ಮೂಲೆಯಲ್ಲಿ ಬಚ್ಚಲುಮನೆ ರಿಪೇರಿ ಮಾಡಿಸಿದಾಗ ಸುರಿದ ಟೈಲ್ಸ್ ಚೂರು, ಗಾರೆ. ಸತ್ತಿದೆಯೋ ಬದುಕಿದೆಯೋ ಗೊತ್ತಾಗದ ಒಂದು ಸೀಬೆ ಮರ. ಒಗೆಯೋ ಕಲ್ಲಿನ ಸುತ್ತ ಕೆಸರು. ಜಾಗ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ ಇರಲಿ. ಕೈಯಲ್ಲಿರೋ ದುಡ್ಡು 2,500 ರೂಪಾಯಿ ಅಂತ ಇಟ್ಕೊಳ್ಳಿ. ಇಷ್ಟರಲ್ಲಿ ಏನಾಗುತ್ತೆ ಅನ್ನೋದು ಇವತ್ತಿನ ಮಾತು. ನಾನು ಹೇಳೋದು ಮೈಸೂರು, ಮಂಡ್ಯ, ಬೆಂಗಳೂರು ಸುತ್ತಿನ ಕೆಂಪು ಮಣ್ಣಿನ ಲೆಕ್ಕ. ಕರಾವಳಿಯವರಿಗೆ, ಎರೆ ಭೂಮಿಯವರಿಗೆ ಎಲ್ಲಿ ಬದಲಾಗುತ್ತೋ ಅಲ್ಲಿ ಹೇಳ್ತೀನಿ.

ಸಾಮಾನ್ಯವಾಗಿ ಏನಾಗುತ್ತೆ ಗೊತ್ತಾ? ಹಬ್ಬ ಹತ್ತಿರ ಬಂತು ಅಂತ ಇಬ್ಬರು ಆಳು ಕರೆಸಿ ಬುಡಸಮೇತ ಕೆತ್ತಿಸ್ತಾರೆ. ಕೆತ್ತಿದ್ದನ್ನ ರಾಶಿ ಹಾಕಿ ಬೆಂಕಿ ಇಡ್ತಾರೆ. ಅದರ ಮೇಲೆ ಒಂದು ಲೋಡ್ ಕೆಮ್ಮಣ್ಣು ಹೊಡೆಸಿ, ನರ್ಸರಿಯಿಂದ ಹೂ ಬಿಟ್ಟಿರೋ ಗಿಡಗಳನ್ನೇ ಆರಿಸಿ ತಂದು ನೆಡ್ತಾರೆ. ದುಡ್ಡು ಅಲ್ಲಿಗೆ ಖಾಲಿ. ಮುಂದಿನ ಏಪ್ರಿಲ್‌ಗೆ ಗಿಡಾನೂ ಖಾಲಿ.

ಆ ಕೆಮ್ಮಣ್ಣು ಎಲ್ಲಿಂದ ಬರುತ್ತೆ ಅಂತ ಲಾರಿಯವರನ್ನ ಒಂದು ಸಲ ಕೇಳಿ ನೋಡಿ. ಬಹಳಷ್ಟು ಸಲ ಅದು ಎಲ್ಲೋ ಪಾಯ ತೋಡಿದಾಗ ಬಂದ ಆಳದ ಮಣ್ಣು. ಬಣ್ಣ ಚೆಂದ, ಆದರೆ ಕೊಳೆತ ಎಲೆ ಬೇರು ಏನೂ ಸೇರಿಲ್ಲದ ಮಣ್ಣು. ಎರಡು ಮಳೆ ಬಿದ್ದರೆ ಮೇಲೆ ಪದರ ಕಟ್ಟುತ್ತೆ, ಬಿಸಿಲಿಗೆ ಇಟ್ಟಿಗೆ ಥರ ಗಟ್ಟಿಯಾಗುತ್ತೆ. ನಿಮ್ಮ ಪಾಳು ಹಿತ್ತಲಲ್ಲಿ ನಾಲ್ಕೈದು ವರ್ಷ ಕಳೆ ಬೆಳೆದು, ಅಲ್ಲೇ ಒಣಗಿ, ಅಲ್ಲೇ ಕೊಳೆತಿದೆ. ಮೇಲಿನ ನಾಲ್ಕು ಬೆರಳು ಮಣ್ಣು ಕೈಗೆ ತಗೊಳ್ಳಿ, ವಾಸನೆ ನೋಡಿ. ಅದು ಲಾರಿ ಮಣ್ಣಿಗಿಂತ ಮೇಲು. ಅದನ್ನ ಕೆತ್ತಿ ಆಚೆ ಹಾಕೋಕೆ ನೀವೇ ಕೂಲಿ ಕೊಡ್ತಿದ್ದೀರಿ!

ಹಾಗಾದರೆ ಶುರು ಎಲ್ಲಿಂದ? ಮನೆ ಬಾಗಿಲಿಂದ ಆಚೆಗೆ. ಕಾಲಿಗೆ ಗಮ್ ಬೂಟು ಅಥವಾ ಗಟ್ಟಿ ಶೂ, ಕೈಲಿ ಉದ್ದದ ಕೋಲು. ಬಡಿದು, ಸ್ವಲ್ಪ ಹೊತ್ತು ಬಿಟ್ಟು ಮುಂದೆ ಹೋಗಿ. ಗಾರೆ ರಾಶಿಗೆ ಬರಿಗೈ ಹಾಕಲೇಬೇಡಿ, ಗುದ್ದಲಿಯಿಂದ ಮಗುಚಿ. ಹಾವು ಕಂಡರೆ ಹೊಡೆಯೋಕೆ ಹೋಗದೆ ಹಿಡಿಯೋರನ್ನ ಕರೆಸಿ. ಕಚ್ಚಿದರೆ ಕೊಯ್ಯೋದು, ಬಿಗಿಯಾಗಿ ಕಟ್ಟೋದು ಏನೂ ಬೇಡ, ಸೀದಾ ಆಸ್ಪತ್ರೆ.

ಇನ್ನು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತೆ, ಚೆನ್ನಾಗಿ ಬೆಳೆದದ್ದು ಹತ್ತು ಸಾವಿರದ ಮೇಲೂ ಹೋಗುತ್ತೆ. ಅದರ ಬೀಜ ಮಣ್ಣಿನ ಮೇಲೆ ಬಿದ್ದಿದ್ದರೆ ಬೇಗ ಸಾಯುತ್ತೆ, ಹೂತುಹೋದರೆ ವರ್ಷಗಟ್ಟಲೆ ಬದುಕಿರುತ್ತೆ. ಇಡೀ ಹಿತ್ತಲನ್ನ ಅಗೆದು ಮಗುಚಿಹಾಕಿದರೆ ಹಳೇ ಬೀಜಗಳನ್ನ ನೀವೇ ಬೆಳಕಿಗೆ ತಂದಹಾಗೆ. ಅಗೀಬೇಡಿ. ಮಳೆ ಬಿದ್ದ ಮಾರನೇ ದಿನ, ಹೂವಿಗೆ ಬರೋ ಮುಂಚೆ, ಬೇರುಸಮೇತ ಕೀಳಿ. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಕಡ್ಡಾಯ. ಚರ್ಮದ ಅಲರ್ಜಿ, ಉಬ್ಬಸ ಇರೋರು ದಯವಿಟ್ಟು ಈ ಕೆಲಸ ಬೇರೆಯವರಿಗೆ ಬಿಡಿ. ಹೂ ಬಿಡದ ಗಿಡವನ್ನ ಗೊಬ್ಬರದ ಗುಂಡಿಗೇ ಹಾಕಬಹುದು. ಹೂ ಬಿಟ್ಟಿದ್ದರೆ ತುದಿಗೆ ಒಂದು ಕವರ್ ಮುಚ್ಚಿ ಕಿತ್ತು, ಕಟ್ಟಿ ಕಸದ ಗಾಡಿಗೆ ಕೊಟ್ಟುಬಿಡಿ. ಎಲೆ ಮೇಲೆ ಮಾಸಲು ಬಿಳಿ ಬಣ್ಣದ, ಕಂದು ಗೆರೆಗೆರೆಯ ಪುಟ್ಟ ದುಂಬಿ ಕಂಡರೆ ಅದನ್ನ ಬಿಟ್ಟುಬಿಡಿ. ಈ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ ಅದು. ಮಳೆಗಾಲದಲ್ಲಿ ನಿಮ್ಮ ಅರ್ಧ ಕೆಲಸ ಪುಕ್ಕಟೆ ಮಾಡಿಕೊಡುತ್ತೆ.

ಗಾರೆ, ಕಾಂಕ್ರೀಟು ಮಾತ್ರ ಆಚೆ ಹೋಗಲೇಬೇಕು. ಅದರ ಸುಣ್ಣ ಇಳಿದು ಸುತ್ತಲ ಮಣ್ಣು ಕ್ಷಾರ ಆಗುತ್ತೆ. ಆಗ ಕರಿಬೇವು, ನಿಂಬೆಯ ಎಲೆ ಹಳದಿ ತಿರುಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ, ಯಾಕಂದರೆ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗೋದಿಲ್ಲ. ಅಂಥ ಜಾಗಕ್ಕೆ ಒಲೆ ಬೂದಿ ಹಾಕಬೇಡಿ, ಕ್ಷಾರ ಇನ್ನೂ ಏರುತ್ತೆ. ಮಂಗಳೂರು, ಉಡುಪಿ ಕಡೆ ಇದು ತಿರುವುಮುರುವು. ಅಲ್ಲಿ ಮಣ್ಣು ಹುಳಿ, ಬೂದಿ ಒಳ್ಳೇದು. ಸಲಹೆ ಕೊಡೋ ಅನೇಕರು ಈ ವ್ಯತ್ಯಾಸ ಹೇಳೋದೇ ಇಲ್ಲ. ಇಟ್ಟಿಗೆ, ಚಪ್ಪಡಿ ಚೂರು ಪರವಾಗಿಲ್ಲ, ಓಡಾಡೋ ದಾರಿಗೆ ಹಾಸಿಕೊಳ್ಳಿ. ಗಾರೆ ಸಾಗಿಸೋ ಈ ಒಂದು ಕೆಲಸಕ್ಕೆ ಬೇಕಾದರೆ ಅರ್ಧ ದಿನ ಒಬ್ಬರನ್ನ ಕೂಲಿಗೆ ಕರೀರಿ, ಅದು ದಂಡ ಅಲ್ಲ.

ಗಾರೆ ತೆಗೆದ ಮೇಲೆ ಒಂದು ಪರೀಕ್ಷೆ. ಒಂದಡಿ ಆಳ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಸಂಜೆ ಮತ್ತೆ ತುಂಬಿ. ಬೆಳಿಗ್ಗೆ ನೋಡಿದಾಗಲೂ ನೀರು ನಿಂತಿದ್ದರೆ ಕೆಳಗೆ ಗಟ್ಟಿ ಪದರ ಇದೆ ಅಂತ, ಎಷ್ಟೋ ಸಲ ಮನೆ ಕಟ್ಟುವಾಗ ಸಿಮೆಂಟ್ ಕಲಸಿದ ಜಾಗವೇ ಅದು. ಹಾರೆಯಲ್ಲಿ ಅಲ್ಲಲ್ಲಿ ತೂತು ಹೊಡೀರಿ. ಎರೆ ಭೂಮಿಯವರು ಇದನ್ನ ನೋಡಿ ಗಾಬರಿ ಆಗಬೇಡಿ, ಅಲ್ಲಿ ನೀರು ನಿಧಾನವಾಗಿ ಇಂಗೋದು ಸಹಜ. ಮಡಿ ಸ್ವಲ್ಪ ಎತ್ತರ ಮಾಡಿಕೊಂಡರೆ ಆಯ್ತು.

ಈಗ ಮುಖ್ಯ ವಿಷಯ, ತರಗೆಲೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಬೀದಿಗಳಲ್ಲಿ ಹೊಂಗೆ, ಮಳೆಮರ, ಬಾದಾಮಿ ಎಲೆ ಉದುರುತ್ತಲೇ ಇರುತ್ತೆ. ಗುಡಿಸಿ, ಗುಡ್ಡೆ ಹಾಕಿ, ಬೆಂಕಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಕೊಟ್ಟಿದೆ. ನಮ್ಮ ಇಡೀ ಬಜೆಟ್ಟಿನ ಎರಡರಷ್ಟು. ನಿಮ್ಮ ಬೀದಿ ಗುಡಿಸೋ ಪೌರಕಾರ್ಮಿಕರನ್ನ ಕಂಡು, ‘ಅಕ್ಕಾ, ಎಲೆ ಮೂಟೆ ನಮ್ಮ ಗೇಟಿನ ಹತ್ತಿರ ಇಟ್ಟುಬಿಡಿ’ ಅಂತ ಕೇಳಿ, ಒಂದು ಲೋಟ ಕಾಫಿ ಕೊಡಿ. ಅವರಿಗೂ ಹೊರೋ ಭಾರ ತಪ್ಪುತ್ತೆ. ಪ್ಲಾಸ್ಟಿಕ್ ಆರಿಸಿ ತೆಗೆಯೋದು ಮಾತ್ರ ನಿಮ್ಮ ಕೆಲಸ. ಹೊಂಗೆ, ಮಳೆಮರದ ಎಲೆ ಸಿಕ್ಕರೆ ಬಿಡಬೇಡಿ. ಹೊಂಗೆ ಸೊಪ್ಪನ್ನ ನಮ್ಮ ರೈತರು ಗದ್ದೆಗೆ ತುಳೀತಿದ್ದದ್ದು ಸುಮ್ಮನೆ ಅಲ್ಲ. ಮಾವಿನೆಲೆ ಕೊಳೆಯೋದು ನಿಧಾನ. ನೀಲಗಿರಿ ಎಲೆ ಬೇಡ.

ಹಾಕೋ ಕ್ರಮ ಹೀಗೆ. ಉಳಿದ ಕಳೆಯನ್ನ ಕುಡುಗೋಲಲ್ಲಿ ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಬಿಡಿ. ಅದರ ಮೇಲೆ ಕಿರಾಣಿ ಅಂಗಡಿಯ ರಟ್ಟಿನ ಡಬ್ಬ ಬಿಚ್ಚಿ, ಟೇಪು ಕಿತ್ತು, ಒಂದರ ಮೇಲೊಂದು ಅರ್ಧ ಅಡಿ ಹಾಯೋ ಹಾಗೆ ಹಾಸಿ ನೆನೆಸಿ. ಮೇಲೆ ಅರ್ಧ ಅಡಿ ತರಗು. ಸಿಕ್ಕರೆ ನಡುವೆ ಸ್ವಲ್ಪ ಸಗಣಿ ಬಗ್ಗಡ, ಟೀ ಅಂಗಡಿಯ ಚರಟ, ದೇವಸ್ಥಾನದ ಹೂವು. ಒಣ ಎಲೆ ಒಂದೇ ಇದ್ದರೆ ಕೊಳೆಯೋಕೆ ಸಾರಜನಕ ಸಾಲದು, ಹಸಿ ಪದಾರ್ಥ ಅದನ್ನ ಪೂರೈಸುತ್ತೆ. ವಿದೇಶದ ವಿಡಿಯೋಗಳಲ್ಲಿ ಹೇಳದ ಒಂದು ತಾಪತ್ರಯ ನಮಗಿದೆ, ಗೆದ್ದಲು. ಮನೆ ಗೋಡೆಯಿಂದ ಎರಡಡಿ, ಮರದ ಬುಡದಿಂದ ಒಂದಡಿ ರಟ್ಟು ದೂರ ಇರಲಿ. ಎಳನೀರು ಬುರುಡೆನೂ ಪುಕ್ಕಟೆ ಸಿಗುತ್ತೆ, ಬೇಸಿಗೆಯಲ್ಲಿ ಗಿಡದ ಸುತ್ತ ಹೂತರೆ ತೇವ ಹಿಡಿದಿಡುತ್ತೆ. ಆದರೆ ಒಡೆದು ಹೋಳು ಮಾಡಿ ಕವುಚಿ ಹಾಕಿ, ಬಾಯಿ ಮೇಲಾಗಿ ಬಿಟ್ಟರೆ ಡೆಂಗಿ ಸೊಳ್ಳೆ ಸಾಕಿದಹಾಗೆ.

‘ಜೀವಾಮೃತ ಮಾಡ್ಲಾ?’ ಅಂತ ಕೇಳೋರು ಇದ್ದೇ ಇರ್ತೀರಿ. ಸಗಣಿ, ಗಂಜಲ ಕೊಳೆಸಿ ಮಾಡೋ ಆ ದ್ರಾವಣವನ್ನ ಪಕ್ಕದಲ್ಲಿ ಹಸು ಇದ್ದರೆ ಮಾಡಿ, ಬೇಡ ಅನ್ನಲ್ಲ. ಆದರೆ ಬರಿ ನೆಲಕ್ಕೆ ಸುರಿದರೆ ಅದರಿಂದ ದೊಡ್ಡ ಪವಾಡ ಏನೂ ಆಗೋದಿಲ್ಲ, ಮೇಲೆ ಹೊದಿಕೆ ಬೇಕು. ಬಾಟಲಿಯಲ್ಲಿ ಮಾರೋದನ್ನಂತೂ ಕೊಳ್ಳಬೇಡಿ.

ಮೇ ತಿಂಗಳ ಮಳೆಗೆ ಈ ಹಾಸು ನೆಂದು ತಗ್ಗುತ್ತೆ. ಜೂನ್‌ನಲ್ಲಿ ತರಗು ಸ್ವಲ್ಪ ಸರಿಸಿ ಹುರುಳಿ ಚೆಲ್ಲಿ. ಅಡುಗೆಮನೆ ಹುರುಳಿನೇ, ಹುರಿದಿದ್ದು ಬೇಡ. ಈ ಜಾಗಕ್ಕೆ ಅರ್ಧ ಕಿಲೋ ಧಾರಾಳ. ಮೊದಲು ಒಂದು ಹಿಡಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರುತ್ತಾ ನೋಡಿ. ತಿಂಗಳಲ್ಲಿ ನೆಲ ಕಾಣದ ಹಾಗೆ ಹಬ್ಬುತ್ತೆ, ಕಳೆಗೆ ಬಿಸಿಲೇ ಸಿಗೋದಿಲ್ಲ. ಒಂದು ಗಿಡ ಮೆಲ್ಲಗೆ ಎಬ್ಬಿಸಿ ಬೇರು ನೋಡಿ, ಸಣ್ಣ ಸಣ್ಣ ಗಂಟು ಇರುತ್ತೆ. ಉಗುರಲ್ಲಿ ಸೀಳಿದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕವನ್ನ ಹಿಡಿಯೋ ಕೆಲಸ ನಡೀತಿದೆ ಅಂತ. ಹೂವಿಗೆ ಬರೋ ಹೊತ್ತಿಗೆ ಬುಡ ಕೊಯ್ದು ಅಲ್ಲೇ ಹಾಸಿ, ಬೇರು ಕೀಳಬೇಡಿ. ಗಟ್ಟಿ ನೆಲ ಇದ್ದ ಕಡೆ ನಾಲ್ಕು ತೊಗರಿ ಕಾಳು ಊರಿ, ಅದರ ತಾಯಿಬೇರು ಹಾರೆಗಿಂತ ಆಳಕ್ಕೆ ಇಳಿಯುತ್ತೆ. ಕರಾವಳಿಯವರು ಜೂನ್, ಜುಲೈ ಮಳೆಗೆ ಇದನ್ನ ಮಾಡಬೇಡಿ, ಬೀಜ ಕೊಚ್ಚಿಕೊಂಡು ಹೋಗುತ್ತೆ. ಸೆಪ್ಟೆಂಬರ್‌ವರೆಗೆ ಕಾಯಿರಿ.

ಈ ನಡುವೆ ಆ ಸೀಬೆ ಮರ. ಕೊಂಬೆಯ ತೊಗಟೆ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಬದುಕಿದೆ. ಸೀಬೆ ಹೂ ಬಿಡೋದು ಹೊಸ ಚಿಗುರಿನಲ್ಲಿ, ಹಾಗಾಗಿ ಒಣ ಕೊಂಬೆ, ಒಂದಕ್ಕೊಂದು ಉಜ್ಜೋ ಕೊಂಬೆ ತೆಗೆದು, ಉಳಿದದ್ದನ್ನ ಮೊಟಕು ಮಾಡಿದರೆ ಹಳೇ ಮರವೂ ಕಾಯಿ ಕೊಡುತ್ತೆ. ಕಸಿ ಗಿಡವಾದರೆ ಕಸಿಯ ಗಂಟಿನ ಕೆಳಗಿಂದ ಬಂದ ಚಿಗುರು ಚಿವುಟಿಹಾಕಿ. ದೊಡ್ಡ ಮರವನ್ನ ಬುಡಕ್ಕೇ ಕಡಿಯೋ ಯೋಚನೆ ಇದ್ದರೆ ನಿಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದಲ್ಲಾದರೂ ಬಹಳಷ್ಟು ಮರಕ್ಕೆ ವೃಕ್ಷಾಧಿಕಾರಿಗಳ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ನಿಮ್ಮ ಮರಕ್ಕೂ ಇದೆಯಾ ಮೊದಲು ಕೇಳಿಕೊಳ್ಳಿ.

ಮೈಸೂರು, ಬೆಂಗಳೂರಲ್ಲಿ ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಗಿಡ ನೆಡೋಕೆ ಅದೇ ಸಮಯ, ಪೈಸೆ ಬಿಚ್ಚೋಕೂ ಅದೇ ಸಮಯ. ಮೊದಲೇ ಕೈಗವಸು, ಒಂದು ಗುದ್ದಲಿ, ಅರ್ಧ ದಿನದ ಕೂಲಿಗೆ ಹೋಗಿ ಉಳಿದದ್ದರಲ್ಲಿ ಹೆಚ್ಚಿನ ಪಾಲು ಕೊಟ್ಟಿಗೆ ಗೊಬ್ಬರಕ್ಕೆ ಇಡಿ. ಹಳೇದಾಗಿ, ಪುಡಿಯಾಗಿ, ವಾಸನೆ ಹೋಗಿರಬೇಕು. ಹಸಿ ಸಗಣಿ ತಂದರೆ ಜೊತೆಗೆ ಗೊಣ್ಣೆಹುಳುನೂ ಬರುತ್ತೆ. ಒಂದು ಒಳ್ಳೇ ಕಸಿ ನಿಂಬೆ ಗಿಡ ಸರ್ಕಾರಿ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಕೇಳಿ. ತರಕಾರಿ ಬೀಜ ಕೊಳ್ಳೋವಾಗ ಒಂದು ಸೂಕ್ಷ್ಮ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ತಂದರೆ ಎರಡು ಕಾಯಿ ಬಲಿಯೋಕೆ ಬಿಟ್ಟು ಮುಂದಿನ ವರ್ಷಕ್ಕೆ ಬೀಜ ಮಾಡಿಕೊಳ್ಳಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಅದರ ಬೀಜ ಎತ್ತಿಟ್ಟರೆ ಮರುವರ್ಷ ತಾಯಿಯಂಥ ಗಿಡ ಬರೋದಿಲ್ಲ. ದುಡ್ಡಿಲ್ಲದೋರು ಬೀಜ ಉಳಿಸಿಕೊಳ್ಳಬಹುದಾದ ಮೊದಲನೇ ಥರದ್ದನ್ನೇ ಆರಿಸ್ಕೊಳ್ಳಿ.

ಮಿಕ್ಕಿದ್ದೆಲ್ಲ ಬೇಡಿ ತರೋದು. ದಾಸವಾಳ ಪೆನ್ಸಿಲ್ ದಪ್ಪದ ಕಡ್ಡಿ, ಎರಡು ಗೆಣ್ಣು ಮಣ್ಣೊಳಗೆ. ದೊಡ್ಡಪತ್ರೆ, ಬಸಳೆ, ಚಕ್ರಮುನಿ ಕಡ್ಡಿ ಊರಿದರೆ ಸಾಕು. ಹಳೇ ಕರಿಬೇವಿನ ಬುಡದಲ್ಲಿ ಬೇರಿಂದ ಎದ್ದ ಮರಿ ಇರುತ್ತೆ, ಬೇರುಸಮೇತ ಬಿಡಿಸಿ. ಬಾಳೆ ಕಂದು ತರೋವಾಗ ಕತ್ತಿಯ ಹಾಗೆ ಕಿರಿದಾದ ಎಲೆ ಇರೋದನ್ನ ನೋಡಿ, ಅಗಲ ಎಲೆಯ ಚಿಕ್ಕ ಕಂದು ಬಲ ಕಮ್ಮಿ. ಬಾಳೆಯನ್ನ ಒಗೆಯೋ ಕಲ್ಲಿನ ಹತ್ತಿರ ನೆಡಿ, ಜೊತೆಗೆ ಕಾಬಾಳೆ. ಬಚ್ಚಲ ನೀರನ್ನ ಇವೆರಡೂ ತಡ್ಕೊಳ್ಳುತ್ತವೆ, ಕೆಸರೂ ಹೋಗುತ್ತೆ. ಡಿಟರ್ಜೆಂಟ್ ನೀರನ್ನ ಸೊಪ್ಪಿನ ಮಡಿಗೆ ಬಿಡಬೇಡಿ, ಅದರ ಸೋಡಿಯಂ ಮಣ್ಣನ್ನ ಬಿಗಿ ಮಾಡುತ್ತೆ. ಆರ್‌ಓ ಯಂತ್ರದಿಂದ ಹೊರಬರೋ ನೀರೂ ಬೇಡ, ಬೋರ್‌ವೆಲ್ ಉಪ್ಪೆಲ್ಲ ಅದರಲ್ಲೇ ಇರುತ್ತೆ.

ಜೇಕು ಅನ್ನೋ ಕಳೆ ಮಾತ್ರ ಮೇಲಿನ ಯಾವುದಕ್ಕೂ ಜಗ್ಗಲ್ಲ, ರಟ್ಟನ್ನೂ ತೂತು ಮಾಡ್ಕೊಂಡು ಬರುತ್ತೆ. ಕೆಳಗೆ ಗಡ್ಡೆಗಳ ಸರಪಳಿನೇ ಇರುತ್ತೆ. ಬೇಸಿಗೆಯಲ್ಲಿ ಗಡ್ಡೆ ತೋಡಿ ಬಿಸಿಲಿಗೆ ಒಣಹಾಕಿ, ಆಮೇಲೂ ಕಂಡಾಗೆಲ್ಲ ಕೀಳ್ತಾ ಇರಿ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ.

ಕೊನೇದಾಗಿ ನುಗ್ಗೆ. ಮಣಿಕಟ್ಟು ದಪ್ಪದ ನಾಲ್ಕಡಿ ಕೊಂಬೆ ಹೂತರೆ ಬಂದುಬಿಡುತ್ತೆ, ವರ್ಷಕ್ಕೊಮ್ಮೆ ಮೂರಡಿಗೆ ಕಡಿದರೆ ಸೊಪ್ಪು ಕೈಗೆಟುಕುತ್ತೆ. ಆದರೆ ಹಿತ್ತಲ ಬಾಗಿಲಿಗೆ, ಬಟ್ಟೆ ಒಣಹಾಕೋ ತಂತಿಗೆ ಹತ್ತಿರ ಬೇಡ. ಮಳೆಗಾಲದಲ್ಲಿ ಅದರ ಕಾಂಡದ ತುಂಬ ಕಂಬಳಿಹುಳು ಕೂರುತ್ತೆ. ಅದನ್ನ ಔಷಧಿ ಇಲ್ಲದೆ ಹೇಗೆ ನಿಭಾಯಿಸೋದು ಅಂತ ಮುಂದಿನ ವಾರ ಹೇಳ್ತೀನಿ. ಅಲ್ಲಿವರೆಗೆ ಕೊಂಬೆ ತಂದಿದ್ದರೆ ನೆರಳಲ್ಲಿ ಒರಗಿಸಿಡಿ, ಕಡಿದ ಬಾಯಿ ಒಣಗಲಿ.